ಮುಳ್ಳೋಡಿಯಲ್ಲಿ ಬೆಳಗ್ಗೆ ಏಳೂವರೆ

ಭಾನುವಾರ ಸಂಜೆ ಹಾಸನದ ಮನೆಯ ಜಗಲಿಯಲ್ಲಿ ಕೂತು ಕುದುರೆಮುಖ ಚಾರಣದ ಲೆಕ್ಕ ಹಾಕಿದೆವು. ಆರು ಜನ, ಏಳು ಸೀಟಿನ ಒಂದು ಗಾಡಿ, ನವೆಂಬರ್ ಮೂರನೇ ವಾರ. ನಾಲ್ವರು ಬೆಟ್ಟ ಹತ್ತುವವರು, ಇನ್ನಿಬ್ಬರು ದೊಡ್ಡಪ್ಪ, ದೊಡ್ಡಮ್ಮ. ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು ಸೂರ್ಯ ಮುಳುಗುವ ಹೊತ್ತು. ಆ ತಿಂಗಳಲ್ಲಿ ಅದು ಸಂಜೆ ಆರು ಗಂಟೆ. ಬೆಟ್ಟದ ಕಣಿವೆಗಳ ಶೋಲಾ ಕಾಡಿನೊಳಗೆ ಐದಕ್ಕೇ ಮಬ್ಬು ಕವಿದಿರುತ್ತದೆ.

ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದೆವು. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು 20 ಕಿ.ಮೀ.ಗೆ ಮೇಲಾಗುತ್ತದೆ. ಅಭ್ಯಾಸ ಇಲ್ಲದವರಿಗೆ ಎಂಟು, ಒಂಬತ್ತು ಗಂಟೆ ಬೇಕು. ಸಂಜೆ ನಾಲ್ಕೂವರೆಗೆ ಕೆಳಗಿರಬೇಕೆಂದರೆ ಬೆಳಗ್ಗೆ ಏಳೂವರೆಗೆ ಹೆಜ್ಜೆ ಎತ್ತಬೇಕು. ಪರ್ಮಿಟ್, ಬ್ಯಾಗ್ ತಪಾಸಣೆ, ಗೈಡ್ ಸಿಗುವುದು ಎಲ್ಲ ಸೇರಿ ಮುಕ್ಕಾಲು ಗಂಟೆ. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪಿನಲ್ಲಿ ಇನ್ನು ಮುಕ್ಕಾಲು ಗಂಟೆ. ಅಂದರೆ ಆರಕ್ಕೆ ಜೀಪಿನಲ್ಲಿ ಕೂತಿರಬೇಕು. ಹಿಂದಿನ ರಾತ್ರಿ ಕಳಸ, ಸಂಸೆ ಅಥವಾ ಬಾಳೆಗಲ್ ಸುತ್ತ ಎಲ್ಲಾದರೂ ಮಲಗಿದ್ದರೆ ಮಾತ್ರ ಇದು ಸಾಧ್ಯ.

ರಾತ್ರಿ ಊಟ ಮುಗಿಸಿ ಹಾಸನದಿಂದ ಹೊರಟರೆ ಬೆಳಗಾಗುವಷ್ಟರಲ್ಲಿ ಕಳಸ, ಒಂದು ದಿನದ ಬಾಡಿಗೆ ಉಳಿಯಿತು ಎನ್ನುವವರಿದ್ದಾರೆ. ನಾವು ಇದಕ್ಕೆ ಒಪ್ಪುವುದಿಲ್ಲ. ಬೇಲೂರು ದಾಟಿದ ಮೇಲೆ ಮೂಡಿಗೆರೆವರೆಗೆ ಕಾಫಿ ತೋಟಗಳ ಸೀಮೆ. ಕತ್ತಲಾದ ಮೇಲೆ ಆನೆಗಳು ಒಂದು ತೋಟದಿಂದ ಇನ್ನೊಂದಕ್ಕೆ ರಸ್ತೆ ದಾಟುತ್ತವೆ. ತಿರುವಿನಲ್ಲಿ ಬೂದು ಬಣ್ಣದ ಆನೆ ಹೆಡ್‌ಲೈಟಿಗೆ ತಡವಾಗಿ ಕಾಣುತ್ತದೆ. ಅದನ್ನು ದಾಟಿದರೆ ಕೊಟ್ಟಿಗೆಹಾರದ ಮಂಜು. ಇದಾವುದೂ ಆಗದಿದ್ದರೂ, ನಿದ್ದೆಗೆಟ್ಟ ಕಾಲಿನಲ್ಲಿ 20 ಕಿ.ಮೀ. ನಡೆಯುವುದು ಮಂಡಿಗೆ ಮಾಡುವ ಅನ್ಯಾಯ.

ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಬಾಳೂರು ಮಾರ್ಗವಾಗಿ ಕಳಸಕ್ಕೆ ಸುಮಾರು 125 ಕಿ.ಮೀ. ಬಯಲುಸೀಮೆಯಲ್ಲಿ ಇದು ಎರಡೂವರೆ ಗಂಟೆಯ ದಾರಿ. ಇಲ್ಲಿ ನಾಲ್ಕು ಗಂಟೆ, ಊಟಕ್ಕೆ ನಿಂತರೆ ಐದು. ಮೂಡಿಗೆರೆವರೆಗೆ ಗಾಡಿ ಸಲೀಸಾಗಿ ಓಡುತ್ತದೆ. ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ದಾರಿಯನ್ನು ಬಿಟ್ಟು ಕಳಸದ ಕಡೆ ತಿರುಗಿದ ಮೇಲೆ ಸರಾಸರಿ ವೇಗ 30ಕ್ಕೆ ಇಳಿಯುತ್ತದೆ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ತಿಂಡಿ ಮುಗಿಸಿ ಹೊರಡುವುದು, ಮೂರೂವರೆಗೆ ಕಳಸ ಎಂದು ಬರೆದೆವು. ಒಂದೂವರೆ ಗಂಟೆ ಹೆಚ್ಚುವರಿ ಇಟ್ಟುಕೊಂಡದ್ದು ಊಟಕ್ಕೆ ಮತ್ತು ಮಂಜಿಗೆ.

ಮಂಜಿನಲ್ಲಿ ಹೈಬೀಮ್ ಹಾಕುವುದು ದೊಡ್ಡ ತಪ್ಪು. ಹನಿಗಳು ಬೆಳಕನ್ನು ಕಣ್ಣಿಗೇ ವಾಪಸ್ ಕಳಿಸುತ್ತವೆ, ಎದುರಿಗೆ ಸುಣ್ಣ ಬಳಿದ ಗೋಡೆ ನಿಂತಂತಾಗುತ್ತದೆ. ಲೋಬೀಮ್ ಮತ್ತು ಫಾಗ್‌ಲೈಟ್ ಹಾಕಿ, ಎಡಗಡೆಯ ಬಿಳಿ ಗೆರೆಯನ್ನು ಹಿಡಿದು ಹೋಗಬೇಕು. ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸಿದರೆ ನೀವು ಎತ್ತ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಗಾಜಿನ ಒಳಗಡೆ ಹಬೆ ಕಟ್ಟಿದಾಗ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಡಿ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವಂತೆ ಸ್ವಿಚ್ ಇಡಿ. ಆರು ಜನರ ಉಸಿರಿನ ತೇವ ಒಳಗೇ ಸುತ್ತುತ್ತಿದ್ದರೆ ಗಾಜು ತಿಳಿಯಾಗುವುದಿಲ್ಲ.

ಗಾಡಿಯನ್ನು ಅಂದೇ ನೋಡಿದೆವು. ವೈಪರಿನ ರಬ್ಬರನ್ನು ಬೆರಳಿನಲ್ಲಿ ಮಡಚಿದಾಗ ಅಂಚಿನುದ್ದಕ್ಕೂ ಕೂದಲೆಳೆಯಂಥ ಸೀಳುಗಳು ಕಂಡವು. ಬಿಸಿಲಿಗೆ ಗಟ್ಟಿಯಾದ ಇಂಥ ರಬ್ಬರ್ ತುಂತುರು ಮಳೆಯಲ್ಲಿ ನೀರನ್ನು ಒರೆಸುವುದಿಲ್ಲ, ಗಾಜಿನ ಮೇಲೆ ಸವರುತ್ತದೆ ಅಷ್ಟೆ. ಎರಡನ್ನೂ ಬದಲಿಸಿದೆವು. ಟಯರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದೆಂಬುದು ಕಾನೂನು. ಒದ್ದೆ ಘಾಟಿಗೆ ನಾವು 3 ಮಿ.ಮೀ. ಕೇಳುತ್ತೇವೆ. ಗಾಳಿಯನ್ನು ಬೆಳಗ್ಗೆ ಟಯರ್ ತಣ್ಣಗಿದ್ದಾಗ ಹಿಡಿಸಬೇಕು. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ತುಂಬು ಲೋಡಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಇಡಿ. ಸ್ಟೆಪ್ನಿಯ ಗಾಳಿಯನ್ನು ನೋಡುವುದು ಎಲ್ಲರೂ ಮರೆಯುವ ಕೆಲಸ. ಲೀಟರಿಗೆ 16 ಕಿ.ಮೀ. ಕೊಡುವ ಗಾಡಿ ಇಲ್ಲಿ 12 ಕೊಟ್ಟರೆ ಹೆಚ್ಚು ಎಂದುಕೊಂಡು, ಮೂಡಿಗೆರೆಯಲ್ಲಿ ಟ್ಯಾಂಕ್ ಪೂರ್ತಿ ಮಾಡುವುದೆಂದು ಬರೆದೆವು.

ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್. ಆಟೋಮ್ಯಾಟಿಕ್ ಗಾಡಿಯಾದರೆ ಮ್ಯಾನುಯಲ್ ಮೋಡಿಗೆ ಹಾಕಿ ಎರಡರಲ್ಲಿ ಇಳಿಸಿ. ಬ್ರೇಕಿನ ಮೇಲೇ ಕಾಲಿಟ್ಟು ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ವಾಸನೆ ಬಂದ ಕೂಡಲೇ ಅಗಲವಾದ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ. ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ. ಕಿರಿದಾದ ಕಡೆ ಎದುರಾದರೆ ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ನಿಯಮವೂ ಅದೇ, ನ್ಯಾಯವೂ ಅದೇ.

ದೊಡ್ಡಮ್ಮನಿಗೆ ತಿರುವಿನ ದಾರಿ ಎಂದರೆ ವಾಂತಿಯ ಭಯ. ಮುಂದಿನ ಸೀಟು, ಬೆಳಗ್ಗೆ ಎರಡು ಇಡ್ಲಿ, ಎಣ್ಣೆ ತಿಂಡಿ ಬೇಡ. ಮಾತ್ರೆಯನ್ನು ಕೊಟ್ಟಿಗೆಹಾರದಲ್ಲಿ ತೆಗೆದುಕೊಂಡರೆ ಪ್ರಯೋಜನವಿಲ್ಲ, ಮೂಡಿಗೆರೆಗೆ ಮುಂಚೆಯೇ ನುಂಗಬೇಕು. ಅದು ನಿದ್ದೆ ಬರಿಸುವ ಮಾತ್ರೆ, ಗಾಡಿ ಓಡಿಸುವವರು ಮುಟ್ಟಬಾರದು.

ಪರ್ಮಿಟ್ಟಿನ ವಿಷಯ. ಅರಣ್ಯ ಇಲಾಖೆ ಚಾರಣಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿದೆ, ಬುಕಿಂಗ್ ಆನ್‌ಲೈನಿನಲ್ಲಿ. ವಾರಾಂತ್ಯದ ಜಾಗ ಬೇಗ ತುಂಬುತ್ತದೆ. ಹಾಗಾಗಿ ಮೊದಲು ಪರ್ಮಿಟ್, ಆಮೇಲೆ ಹೋಂಸ್ಟೇ. ಈ ಕ್ರಮ ತಪ್ಪಿ, ರೂಮಿನ ಮುಂಗಡ ಕೊಟ್ಟು ಕೈಸುಟ್ಟುಕೊಂಡವರು ಬಹಳ. ಬುಕಿಂಗಿನಲ್ಲಿ ಕೊಟ್ಟ ಗುರುತಿನ ಚೀಟಿಯ ಅಸಲು ಪ್ರತಿ ಜೇಬಿನಲ್ಲಿರಲಿ. ಪರ್ಮಿಟ್ಟನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ, ಮುಳ್ಳೋಡಿಯಲ್ಲಿ ಫೋನಿನ ಸಿಗ್ನಲ್ ನಂಬುವಂತಿಲ್ಲ. ಜೀಪಿಗೆ ನಗದು ಬೇಕು. ಆ ಏಳೆಂಟು ಕಿ.ಮೀ. ಮಣ್ಣು, ಕಲ್ಲಿನ ಕೊರಕಲಿಗೆ ಸ್ವಂತ ಕಾರು ಇಳಿಸಿದರೆ ಆಯಿಲ್ ಚೇಂಬರಿನ ತಳ ಕಲ್ಲಿಗೆ ತಾಗುತ್ತದೆ.

ಬ್ಯಾಗಿಗೆ ತಲಾ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ದಾರಿಯಲ್ಲಿ ಹಳ್ಳಗಳು ಸಿಗುತ್ತವೆ. ಮಳೆ ನಿಂತು ತಿಂಗಳಾದರೂ ಅವು ಹರಿಯುತ್ತಿರುವುದಕ್ಕೆ ಕಾರಣ ಮೇಲಿನ ಹುಲ್ಲುಗಾವಲು ಮತ್ತು ಕಣಿವೆಯ ಮಡಿಕೆಗಳಲ್ಲಿ ಅಡಗಿರುವ ಶೋಲಾ ಕಾಡು. ಗಾಳಿ ಹೊಡೆಯುವ ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲೆ ಹುಲ್ಲು ಮಾತ್ರ, ಗಾಳಿ ತಪ್ಪಿದ ಕಡೆ ಗಿಡ್ಡ ಮರಗಳು. ಎರಡೂ ಮಳೆನೀರನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ. ಊಟಕ್ಕೆ ಬಾಳೆಎಲೆಯಲ್ಲಿ ಕಟ್ಟಿದ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ಅಕ್ಕಿರೊಟ್ಟಿ ಮಧ್ಯಾಹ್ನಕ್ಕೆ ಹಪ್ಪಳದಂತೆ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಕವರ್ ಒಂದೂ ಬೇಡ.

ನವೆಂಬರಿನಲ್ಲೂ ಹಳ್ಳದ ಬದಿಯ ತರಗೆಲೆಯಲ್ಲಿ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇರುತ್ತದೆ. ಹೊಗೆಸೊಪ್ಪನ್ನು ನೀರಿನಲ್ಲಿ ನೆನೆಸಿ, ಆ ನೀರಿಗೆ ಕಾಲುಚೀಲ ಅದ್ದಿ ಒಣಗಿಸಿ, ಪ್ಯಾಂಟಿನ ತುದಿಯನ್ನು ಚೀಲದೊಳಗೆ ಸೇರಿಸಿ ಹಾಕಿಕೊಳ್ಳಿ. ಕಚ್ಚಿದರೆ ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದಾದ್ದರಿಂದ ಗಾಯ ಸಣ್ಣದಿದ್ದರೂ ಬಹಳ ಹೊತ್ತು ಸುರಿಯುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ, ಹೆದರುವಂಥದ್ದಲ್ಲ.

ಹೆದರಬೇಕಾದದ್ದು ಮಧ್ಯಾಹ್ನದ ಗುಡುಗಿಗೆ. ಹಿಂಗಾರಿನ ಮೋಡ ಊಟದ ಹೊತ್ತಿನ ಮೇಲೆ ಕಟ್ಟುತ್ತದೆ, ಬೋಳು ಹುಲ್ಲುಗಾವಲಿನಲ್ಲಿ ನಿಂತ ಮನುಷ್ಯನೇ ಎತ್ತರದ ವಸ್ತು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದದ್ದು ಒಂದೇ ಸಾಲು: ಒಂದು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್. ಶಿಖರ ನೂರು ಮೀಟರ್ ಮುಂದಿದ್ದರೂ ಅಷ್ಟೇ. ಗುಡುಗು ಕೇಳಿದರೆ ಏಣು ಬಿಟ್ಟು ತಗ್ಗಿಗೆ ಇಳಿಯಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು.

ಚಾರಣದ ದಿನ, ಶನಿವಾರ, ಹಿರಿಯರಿಬ್ಬರಿಗೆ ಬೇರೆ ದಾರಿ: ಬೆಳಗ್ಗೆ ಕಳಸೇಶ್ವರನ ದರ್ಶನ, ಮಧ್ಯಾಹ್ನ ಹೊರನಾಡಿನಲ್ಲಿ ಊಟ. ಹುಲ್ಲುಗಾವಲನ್ನು ಅವರೂ ನೋಡಲೇಬೇಕಾದ್ದರಿಂದ ಎರಡರ ನಡುವೆ ಬಾಡಿಗೆ ಕಾರಿನಲ್ಲಿ ಕುದುರೆಮುಖ ಪಟ್ಟಣದ ಕಡೆ ಒಂದು ಸುತ್ತು. 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆದ ಊರು ಅದು, ಗಣಿ ನಿಂತ ಮೇಲೆ ಮನೆಗಳೇ ಖಾಲಿಯಾದವು. 1987ರಲ್ಲಿ ಘೋಷಿತವಾದ 600 ಚದರ ಕಿ.ಮೀ. ಉದ್ಯಾನದ ಒಳಗೆ ಹಾಯುವ ಈ ರಸ್ತೆಯಲ್ಲಿ ಕಂಡಕಂಡಲ್ಲಿ ಇಳಿಯುವಂತಿಲ್ಲ. ಕಾಟಿ (ಕಾಡುಕೋಣ) ರಸ್ತೆ ಬದಿಯಲ್ಲಿ ನಿಂತಿದ್ದರೆ ಹಾರನ್ ಮಾಡದೆ ದೂರದಲ್ಲೇ ಕಾಯಬೇಕು.

ಶನಿವಾರ ರಾತ್ರಿಯೇ ಹಾಸನ ಸೇರುವ ಆಸೆಯನ್ನು ಹೊಡೆದುಹಾಕಿದೆವು. ಅಷ್ಟು ನಡೆದ ಬಲಗಾಲು ಬ್ರೇಕಿನ ಮೇಲೆ ನಡುಗುತ್ತದೆ. ಎರಡನೇ ರಾತ್ರಿಯೂ ಕಳಸ. ಭಾನುವಾರ ಒಂಬತ್ತಕ್ಕೆ ಹೊರಟು ಬಾಳೆಹೊನ್ನೂರು, ಆಲ್ದೂರು ಮೇಲೆ ಚಿಕ್ಕಮಗಳೂರು, ಅಲ್ಲಿ ಊಟ, ಸಂಜೆಯೊಳಗೆ ಹಾಸನ. ಮನೆಗೆ ಬಂದ ಕೂಡಲೇ ಶೂ ಒಳಗೆ ಹಳೆ ಪೇಪರ್ ತುರುಕಿ ನೆರಳಿನಲ್ಲಿಡಬೇಕು, ಗಾಡಿಯ ಮ್ಯಾಟುಗಳನ್ನು ಹೊರಗೆ ಒದರಬೇಕು. ಅದರ ಅಡಿಯಲ್ಲಿ ಒಂದೆರಡು ಉಂಬಳ ಇದ್ದೇ ಇರುತ್ತವೆ.