ಮಕ್ಕಳಿರುವ ಮನೆಗೆ ಕನ್ವರ್ಟಿಬಲ್ ಸರಿಹೋಗುತ್ತಾ?

ನನಗೆ ಕಾರಿನ ಹುಚ್ಚು ಅಂತ ಗೊತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ, ಕನ್ವರ್ಟಿಬಲ್ ಬಗ್ಗೆ, ಅಂದರೆ ಮೇಲಿನ ಮಾಡನ್ನು (ಟಾಪ್) ಮಡಚಿ ತೆಗೆಯಬಹುದಾದ ಕಾರಿನ ಬಗ್ಗೆ. "ನಾಲ್ಕು ಸೀಟಿನ ಕನ್ವರ್ಟಿಬಲ್ ತಗೊಂಡ್ರೆ ಮನೆಮಂದಿಗೆಲ್ಲ ಆಗುತ್ತಾ? ಆಗೋದಾದ್ರೆ ಯಾವುದು?" ಕೇಳುವವರಿಗೆ ಸಾಮಾನ್ಯವಾಗಿ ಇಬ್ಬರು ಮಕ್ಕಳು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಅನುಮಾನ. ಪಂಚಾಯ್ತಿ ಮಾತ್ರ ನನ್ನ ತಲೆಗೆ.

ಆಗುತ್ತದೆ ಅನ್ನುವುದೇ ನನ್ನ ಉತ್ತರ. ಆದರೆ ಒಂದು ಷರತ್ತು. ಈ ಕಾರನ್ನು ಹಿಂದಿನ ಸೀಟಿನಲ್ಲಿ ಕೂತು ಆರಿಸಬೇಕು, ಅದೂ ಟಾಪ್ ಮುಚ್ಚಿಕೊಂಡು. ಟಾಪ್ ತೆಗೆದಾಗ ಎಲ್ಲ ಕನ್ವರ್ಟಿಬಲ್ಲೂ ಚೆಂದವೇ. ಶೋರೂಮಿನವರು ಮೊದಲು ಒತ್ತಿ ತೋರಿಸುವುದೂ ಆ ಬಟನ್ನನ್ನೇ. ಆದರೆ ಮಳೆ, ಸುಡುಬಿಸಿಲು, ಚಳಿ, ಹೈವೇ ಸದ್ದು, ನಿದ್ದೆಹೋದ ಮಗು ಎಲ್ಲ ಲೆಕ್ಕ ಹಾಕಿದರೆ ಕಾರು ಹೆಚ್ಚು ಹೊತ್ತು ಮುಚ್ಚಿಕೊಂಡೇ ಓಡುತ್ತದೆ. ಆಗ ಅದು ಎರಡು ಬಾಗಿಲಿನ, ಒಳಗೆ ಸ್ವಲ್ಪ ಕತ್ತಲೆಯ, ಹಿಂದಿನ ರಸ್ತೆ ಸರಿಯಾಗಿ ಕಾಣದ ಒಂದು ಕೂಪೆ. ಆ ಕೂಪೆ ನಿಮ್ಮ ಮನೆಗೆ ಒಗ್ಗುತ್ತದಾ ಅಂತ ಮೊದಲು ನೋಡಿ.

ಹಿಂದಿನ ಸೀಟು ಯಾಕೆ ಹಾಗಿರುತ್ತದೆ ಅನ್ನುವುದಕ್ಕೆ ಕಾರಣ ಇದೆ. ಮಡಚಿದ ಟಾಪ್ ಕೂರುವುದು ಆ ಸೀಟಿನ ಬೆನ್ನ ಹಿಂದೆಯೇ. ಅದಕ್ಕೆ ಜಾಗ ಬೇಕು ಅಂತ ಒರಗುವ ಭಾಗವನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ. ಟಾಪನ್ನು ಎತ್ತಿ ಇಳಿಸುವ ಸರಂಜಾಮು ಎರಡೂ ಪಕ್ಕದಲ್ಲಿ ಸೇರಿಕೊಂಡು ಭುಜದ ಜಾಗವನ್ನೂ ಕಿತ್ತುಕೊಳ್ಳುತ್ತದೆ. ಹಾಗಾಗಿ ಹಿಂದೆ ಇಬ್ಬರೇ, ನಡುವೆ ಮೂರನೆಯವರಿಗೆ ಬೆಲ್ಟ್ ಇರುವುದಿಲ್ಲ. ಮೊದಲ ಹತ್ತು ನಿಮಿಷ ಏನೂ ಅನ್ನಿಸುವುದಿಲ್ಲ. ಗಂಟೆ ಕಳೆದ ಮೇಲೆ ಬೆನ್ನು ಮಾತಾಡಲು ಶುರು ಮಾಡುತ್ತದೆ. ಪೋರ್ಷೆ 911 ಕ್ಯಾಬ್ರಿಯೊಲೆಯಂಥ (ಕ್ಯಾಬ್ರಿಯೊಲೆ ಅಂದರೂ ಕನ್ವರ್ಟಿಬಲ್ಲೇ) ಕಾರಿನಲ್ಲಂತೂ ಹಿಂದೆ ಸೀಟು ಇದೆ ಅನ್ನುವುದು ಹೆಸರಿಗೆ ಮಾತ್ರ. ಅಲ್ಲಿ ಚೀಲ ಕೂರುತ್ತದೆ, ಚಿಕ್ಕ ಮಗು ಕೂರುತ್ತದೆ, ಅಷ್ಟೇ.

ಶೋರೂಮಿಗೆ ಹೋಗುವಾಗ ಮನೆಯಲ್ಲಿರುವ ಚೈಲ್ಡ್ ಸೀಟನ್ನು ಹೊತ್ತುಕೊಂಡೇ ಹೋಗಿ. ಸಂಕೋಚ ಬೇಡ. ಟಾಪ್ ಮುಚ್ಚಿಸಿ, ಮುಂದಿನ ಸೀಟನ್ನು ಮುಂದಕ್ಕೆ ತಳ್ಳಿ, ಆ ಸೀಟನ್ನು ಒಳಗೆ ತೂರಿಸಿ, ಚೈಲ್ಡ್ ಸೀಟಿಗಂತಲೇ ಇರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ ನೋಡಿ. ಆಮೇಲೆ ಅದರಲ್ಲಿ ಮಗುವನ್ನು ಕೂರಿಸಿ. ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಒಂದು ಕೈಯಲ್ಲಿ ಬೆಲ್ಟು ಹುಡುಕುವ ಆ ಎರಡು ನಿಮಿಷ ದಿನಾ ನಡೆಯುವ ಕೆಲಸ. ಟಾಪ್ ತೆಗೆದಿದ್ದರೆ ಇದೇ ಕೆಲಸ ಬೇರೆ ಯಾವ ಕಾರಿಗಿಂತಲೂ ಸುಲಭ, ಮೇಲಿನಿಂದ ಎತ್ತಿ ಇಟ್ಟರೆ ಮುಗಿಯಿತು. ಆದರೆ ಮಳೆಯಲ್ಲಿ ಹಾಗೆ ಮಾಡೋಕಾಗಲ್ಲ ಅಲ್ವಾ? ಬಾಗಿಲು ಉದ್ದ ಅನ್ನುವುದನ್ನೂ ಮರೆಯಬೇಡಿ. ಇಕ್ಕಟ್ಟಾದ ಪಾರ್ಕಿಂಗ್‌ನಲ್ಲಿ ಅದು ಅರ್ಧವೇ ತೆರೆಯುತ್ತದೆ.

ಹಿಮ್ಮುಖವಾಗಿ ಕೂರಿಸುವ ಕೂಸಿನ ಸೀಟು ಇನ್ನೂ ಕಷ್ಟ. ಅದಕ್ಕೆ ಉದ್ದಕ್ಕೆ ಜಾಸ್ತಿ ಜಾಗ ಬೇಕು. ಮುಂದಿನ ಸೀಟನ್ನು ಡ್ಯಾಶ್‌ಬೋರ್ಡ್‌ವರೆಗೂ ತಳ್ಳಬೇಕಾಗುತ್ತದೆ. ಹಿಂದೆ ಹಿಡಿಸುವುದಿಲ್ಲ ಅಂತ ಅದನ್ನು ಮುಂದೆ ಇಟ್ಟುಬಿಡುವ ಮನಸ್ಸಾಗುತ್ತದೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖದ ಸೀಟು ಇಡಲೇಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಹೊಡೆತ ಕೂಸಿನ ತಲೆಯ ಹಿಂದೆಯೇ ಬೀಳುತ್ತದೆ. ಅಷ್ಟು ಚಿಕ್ಕ ಕೂಸಿರುವವರಿಗೆ ನಾನು ಸ್ವಲ್ಪ ವರ್ಷ ತಡೆಯಿರಿ ಅಂತಲೇ ಹೇಳುತ್ತೇನೆ. ತಾನೇ ಹತ್ತಿ ಇಳಿದು ಬೆಲ್ಟು ಹಾಕಿಕೊಳ್ಳುವ ವಯಸ್ಸಿನಿಂದ, ಮೊಣಕಾಲು ಮುಂದಿನ ಸೀಟಿಗೆ ತಾಗುವ ವಯಸ್ಸಿನವರೆಗೆ ಈ ಕಾರುಗಳ ಕಾಲ.

ಇನ್ನು ಗಾಳಿ. ಮಾರುವವರು ಬಾಯಿಬಿಟ್ಟು ಹೇಳದ ವಿಷಯ ಇದು. ಮುಂದಿನ ಗಾಜಿನ ಮೇಲೆ ಹಾರಿಹೋಗುವ ಗಾಳಿ ಹಿಂದೆ ಇಳಿದು, ಸುತ್ತಿಕೊಂಡು, ಕಾರಿನೊಳಕ್ಕೆ ವಾಪಸ್ ಬರುತ್ತದೆ. ಮುಂದೆ ಕೂತವರಿಗೆ ಅದು ಕತ್ತಿನ ಹಿಂದೆ ತಣ್ಣಗೆ ತಾಗುತ್ತದೆ. ಹಿಂದೆ ಕೂತವರು ಆ ಸುಳಿಯ ನಡುವೆಯೇ ಇರುತ್ತಾರೆ. ಕೂದಲು ಕಣ್ಣಿಗೆ, ಬಾಯಿಗೆ. ಟೋಪಿ ಹಾರಿಹೋಗುತ್ತದೆ. ಅಪ್ಪ ಏನೋ ಹೇಳಿದರೆ ಮಗಳಿಗೆ ಕೇಳಿಸುವುದಿಲ್ಲ. ಇದಕ್ಕೆ ಪರಿಹಾರ ಅಂತ ಜಾಲರಿಯ ಒಂದು ಪರದೆ ಕೊಡುತ್ತಾರೆ, ವಿಂಡ್ ಡಿಫ್ಲೆಕ್ಟರ್. ತುಂಬಾ ಒಳ್ಳೆಯ ವಸ್ತು. ಆದರೆ ಹೆಚ್ಚಿನ ಕಾರುಗಳಲ್ಲಿ ಅದನ್ನು ಚಾಚಿ ಹಾಕುವುದು ಹಿಂದಿನ ಸೀಟಿನ ಮೇಲೆಯೇ! ಪರದೆ ಹಾಕಿದರೆ ಮಕ್ಕಳಿಗೆ ಜಾಗ ಇಲ್ಲ, ಮಕ್ಕಳನ್ನು ಕೂರಿಸಿದರೆ ಪರದೆ ಹಾಕುವ ಹಾಗಿಲ್ಲ. ಶೋರೂಮಿನ ಟೆಸ್ಟ್ ಡ್ರೈವ್‌ನಲ್ಲಿ ಸಿಗುವ ಹಿತವಾದ ಗಾಳಿ ಇಬ್ಬರೇ ಹೋಗುವಾಗಿನ ಗಾಳಿ.

ಈ ಕಷ್ಟಕ್ಕೆ ಸರಿಯಾಗಿ ತಲೆ ಓಡಿಸಿದ್ದು ಮರ್ಸಿಡಿಸ್. 2010ರಲ್ಲಿ ಇ-ಕ್ಲಾಸ್ ಕ್ಯಾಬ್ರಿಯೊಲೆಯಲ್ಲಿ ಏರ್‌ಕ್ಯಾಪ್ ತಂದರು. ಬಟನ್ ಒತ್ತಿದರೆ ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಒಂದು ಪಟ್ಟಿ ಎದ್ದು ಗಾಳಿಯನ್ನು ಇನ್ನೂ ಮೇಲಕ್ಕೆ ಎತ್ತಿ ಹಾಯಿಸುತ್ತದೆ. ಹಿಂದಿನ ಸೀಟುಗಳ ಹೆಡ್‌ರೆಸ್ಟ್ ನಡುವೆ ಒಂದು ಜಾಲರಿ ಏಳುತ್ತದೆ. ಸೀಟಿನ ಜಾಗ ಹಾಗೇ ಉಳಿಯುತ್ತದೆ, ನಾಲ್ಕು ಜನರೂ ಕೂರಬಹುದು. ಪಟ್ಟಿ ನೋಡಲು ಚೆಂದ ಇಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಅವರು ಮುಂದಿನ ಸೀಟಿನವರು. ಬೇರೆ ಕಾರುಗಳಲ್ಲಿ ಕಿಟಕಿ ಗಾಜು ನಾಲ್ಕನ್ನೂ ಏರಿಸಿಕೊಂಡು ನಿಧಾನವಾಗಿ ಹೋಗುವುದೇ ದಾರಿ. ಹೈವೇಗೆ ಬಂದರೆ ಮುಚ್ಚಿಬಿಡಿ. ಬಿಸಿಲಿನಲ್ಲೂ ಅಷ್ಟೇ. ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಡಿಕ್ಕಿಯ ಲೆಕ್ಕಕ್ಕೆ ಬರೋಣ. ಕಾಗದದಲ್ಲಿ ಎರಡು ಅಂಕಿ ಇರುತ್ತವೆ, ಟಾಪ್ ಮುಚ್ಚಿದಾಗ ಒಂದು, ತೆಗೆದಾಗ ಇನ್ನೊಂದು. ಜಾಹೀರಾತಿನಲ್ಲಿ ಕಾಣುವುದು ಮೊದಲನೆಯದು, ರಜೆಗೆ ಹೊರಟಾಗ ಬೇಕಾಗುವುದು ಎರಡನೆಯದು. ಫೋಕ್ಸ್‌ವ್ಯಾಗನ್ ಇಯೋಸ್‌ನಲ್ಲಿ ಮುಚ್ಚಿದಾಗ 380 ಲೀಟರ್, ತೆಗೆದರೆ 205. ಬಿಎಂಡಬ್ಲ್ಯು 4 ಸೀರೀಸ್‌ನ ಹಳೆಯ ಗಟ್ಟಿ ಟಾಪಿನ (ತುಂಡು ತುಂಡಾಗಿ ಮಡಚಿಕೊಳ್ಳುವ ಲೋಹದ ಟಾಪ್) ಮಾದರಿಯಲ್ಲಿ 370 ಇದ್ದದ್ದು 220ಕ್ಕೆ ಇಳಿಯುತ್ತದೆ. ಈಗಿನ ಬಟ್ಟೆ ಟಾಪಿನ ಮಾದರಿಯಲ್ಲಿ ಅದೇ ಲೆಕ್ಕ 385 ಮತ್ತು 300. ಇನ್ನು ಫೋಕ್ಸ್‌ವ್ಯಾಗನ್ನಿನದೇ ಟಿ-ರಾಕ್ ಕ್ಯಾಬ್ರಿಯೊಲೆಯಲ್ಲಿ 284 ಲೀಟರ್, ತೆಗೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ.

ಲೀಟರಿಗಿಂತ ಮುಖ್ಯ ಆಕಾರ. ಡಿಕ್ಕಿಯ ಬಾಯಿ ಗಿಡ್ಡ, ಒಳಗೆ ಆಳ. ತಳ್ಳುಗಾಡಿಯನ್ನು ಮಡಚಿದರೂ ಅದರ ಚಕ್ರ ತಡೆಯುತ್ತದೆ. ಆದ್ದರಿಂದ ಅದನ್ನೂ ಶೋರೂಮಿಗೆ ತಗೊಂಡು ಹೋಗಿ. ಡಿಕ್ಕಿಯೊಳಗೆ ಮೇಲ್ಗಡೆ ಒಂದು ಅಡ್ಡಪರದೆ ಇರುತ್ತದೆ, ಟಾಪ್ ಬಂದು ಕೂರುವ ಜಾಗವನ್ನು ಸಾಮಾನಿನಿಂದ ಬೇರೆ ಮಾಡುವುದಕ್ಕೆ. ಎಷ್ಟೋ ಕಾರುಗಳಲ್ಲಿ ಅದು ತನ್ನ ಜಾಗದಲ್ಲಿ ಕೊಂಡಿಗೆ ಸಿಕ್ಕಿಕೊಂಡಿರದಿದ್ದರೆ ಟಾಪ್ ತೆರೆಯುವುದೇ ಇಲ್ಲ. ಬಟನ್ ಒತ್ತುತ್ತೀರಿ, ಟಿಕ್ ಅನ್ನುತ್ತದೆ, ಏನೂ ಆಗುವುದಿಲ್ಲ. ಟಾಪ್ ಕೆಟ್ಟಿತು ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಆ ಪರದೆ ಎಳೆದು ನೋಡಿ.

ಬಟ್ಟೆ ಟಾಪಾ, ಗಟ್ಟಿ ಟಾಪಾ ಅನ್ನುವುದು ಹಳೇ ಜಗಳ. 2000ದ ನಂತರ ಗಟ್ಟಿ ಟಾಪ್ ಒಂದು ಅಲೆಯ ಹಾಗೆ ಬಂತು. ಪೆಷೋ 307 ಸಿಸಿ, ಇಯೋಸ್, ವೋಲ್ವೋ ಸಿ70, ಬಿಎಂಡಬ್ಲ್ಯು 3 ಸೀರೀಸ್. ಮುಚ್ಚಿದಾಗ ಮಾಮೂಲಿ ಕಾರಿನಂತೆ ಕಾಣುತ್ತದೆ, ಬ್ಲೇಡಿನಿಂದ ಯಾರೂ ಕೊಯ್ಯೋಕಾಗಲ್ಲ, ನಿಜ. ಆದರೆ ಉಕ್ಕಿನ ಆ ತುಂಡುಗಳೆಲ್ಲ ಒಂದರ ಮೇಲೊಂದು ಬಂದು ಕೂರುವುದು ಡಿಕ್ಕಿಯಲ್ಲೇ. ತೂಕ ಜಾಸ್ತಿ, ಕೀಲು ಜಾಸ್ತಿ, ತುಂಡುಗಳ ನಡುವೆ ರಬ್ಬರೂ ಜಾಸ್ತಿ. 2020ರಲ್ಲಿ ಬಿಎಂಡಬ್ಲ್ಯು ಹೊಸ 4 ಸೀರೀಸ್‌ಗೆ ಮತ್ತೆ ಬಟ್ಟೆ ಟಾಪ್ ಹಾಕಿತು, ಹಳೆಯ ಗಟ್ಟಿ ಟಾಪಿಗಿಂತ ಸುಮಾರು 40 ಶೇಕಡ ಹಗುರ. ನನ್ನ ಓಟು ಬಟ್ಟೆಗೇ. ಈಗಿನ ಬಟ್ಟೆ ಟಾಪ್ ಅಂದರೆ ಹಲವು ಪದರ, ಒಳಗೆ ಸದ್ದು ತಡೆಯುವ ಹೊದಿಕೆ. ಟಿ-ರಾಕ್‌ನದು 9 ಸೆಕೆಂಡಿನಲ್ಲಿ ತೆರೆಯುತ್ತದೆ, ಗಂಟೆಗೆ 30 ಕಿಲೋಮೀಟರ್ ವೇಗದೊಳಗೆ ಓಡುವಾಗಲೂ ಆಗುತ್ತದೆ. ಹನಿ ಬಿದ್ದ ತಕ್ಷಣ ಹಿಂದಿನಿಂದ ಕೂಗು ಶುರುವಾಗುವ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಅಪಘಾತ ಆದರೆ ಗತಿ ಏನು ಅಂತ ಅನುಮಾನದ ಕಡೆಯವರು ಕೇಳುತ್ತಾರೆ. ಕೇಳಲೇಬೇಕು. ಮೇಲೆ ಉಕ್ಕಿನ ಮಾಡು ಇಲ್ಲದ್ದರಿಂದ ಕಾರಿನ ತಳವನ್ನು ಹೆಚ್ಚು ಗಟ್ಟಿ ಮಾಡಿರುತ್ತಾರೆ, ಕಾರು ಭಾರ ಆಗುವುದು ಅದಕ್ಕೇ. ಮುಂದಿನ ಗಾಜಿನ ಕಂಬಗಳೂ ಬಲವಾಗಿರುತ್ತವೆ. ಹಿಂದಿನ ಸೀಟಿನ ಬೆನ್ನಿಗೆ ಅಡಗಿರುವ ಸರಳುಗಳು, ಕಾರು ಮಗುಚುತ್ತಿದೆ ಅಂತ ಗೊತ್ತಾದ ಕೂಡಲೇ ಚಿಮ್ಮಿ ಮೇಲೇಳುತ್ತವೆ. ಮರ್ಸಿಡಿಸ್ 1989ರ ಎಸ್‌ಎಲ್ ಕನ್ವರ್ಟಿಬಲ್‌ನಲ್ಲಿ ತಂದ ಉಪಾಯ ಇದು. ವೋಲ್ವೋ ಸಿ70ಯಲ್ಲಿ ತಲೆ ಕಾಯುವ ಏರ್‌ಬ್ಯಾಗ್ ಬಾಗಿಲಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಬರುವುದು ಬೆಲ್ಟು ಹಾಕಿದ್ದರೆ ಮಾತ್ರ. ಸಾಗುವ ಕಾರಿನಲ್ಲಿ ಎದ್ದು ನಿಂತು ಕೈಬೀಸುವ ಮಕ್ಕಳ ಫೋಟೋ ನೋಡಿದರೆ ನನಗೆ ಮೈ ಉರಿಯುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರೇ ಜಾಸ್ತಿ, ಯಾಕಂದರೆ ಕುಟುಂಬಕ್ಕೆ ಒಗ್ಗುವ ಹಲವು ಕನ್ವರ್ಟಿಬಲ್‌ಗಳು ನಿಂತೇ ಹೋಗಿವೆ. ಸಿ70 2013ರಲ್ಲಿ ನಿಂತಿತು, ಒಪೆಲ್ ಕ್ಯಾಸ್ಕಾಡಾ 2019ರಲ್ಲಿ. ಹಳೆಯದನ್ನು ನೋಡಲು ಹೋದರೆ ಮೊದಲು ಮೂಗು ಉಪಯೋಗಿಸಿ. ಮುಗ್ಗಲು ವಾಸನೆ ಬಂದರೆ ನೀರು ಒಳಗೆ ಇಳಿದಿದೆ. ಕಾಲಿನ ಕೆಳಗಿನ ಕಾರ್ಪೆಟ್ ಒತ್ತಿ, ಡಿಕ್ಕಿಯ ಮೂಲೆಗಳನ್ನು ಮುಟ್ಟಿ ನೋಡಿ. ಟಾಪಿನ ಅಂಚಿನ ನೀರು ಇಳಿದುಹೋಗಲು ಸಣ್ಣ ಕೊಳವೆಗಳಿರುತ್ತವೆ, ಎಲೆ ಕಸ ಕಟ್ಟಿಕೊಂಡರೆ ನೀರು ಒಳಗಿನ ದಾರಿ ಹಿಡಿಯುತ್ತದೆ. ಟಾಪನ್ನು ಒಂದು ಸಲ ಅಲ್ಲ, ಮೂರು ನಾಲ್ಕು ಸಲ ತೆಗೆದು ಮುಚ್ಚಿಸಿ. ನಡುವೆ ನಿಂತು ನಿಂತು ಹೋದರೆ, ಒಂದು ಪಕ್ಕ ಹಿಂದೆ ಬಿದ್ದರೆ, ಪಂಪು ನರಳಿದರೆ ಕೈ ಮುಗಿದು ಬನ್ನಿ. ಬಟ್ಟೆ ಒದ್ದೆ ಇರುವಾಗ ಮಡಚಿ ಇಡುವ ಚಾಳಿ ಹಿಂದಿನ ಮಾಲೀಕರಿಗೆ ಇತ್ತಾ ಅನ್ನುವುದು ಮಡಿಕೆಯ ಕಪ್ಪು ಕಲೆಯಲ್ಲೇ ಗೊತ್ತಾಗುತ್ತದೆ.

ಸರಿ, ಯಾವುದು? ಒಂದೇ ಕಾರಿನಲ್ಲಿ ಎಲ್ಲ ಓಡಾಟ ಆಗಬೇಕು, ಮಕ್ಕಳು ಬೆಳೆಯುತ್ತಿದ್ದಾರೆ ಅಂದರೆ ಮರ್ಸಿಡಿಸ್ ಇ-ಕ್ಲಾಸ್ ಕ್ಯಾಬ್ರಿಯೊಲೆ, ಅಥವಾ ಸಿ-ಕ್ಲಾಸ್ ಮತ್ತು ಇ-ಕ್ಲಾಸ್ ಕನ್ವರ್ಟಿಬಲ್ ಎರಡರ ಜಾಗಕ್ಕೂ ಬಂದ ಸಿಎಲ್‌ಇ. ಏರ್‌ಕ್ಯಾಪ್ ಇರುವುದನ್ನೇ ಹುಡುಕಿ. ಅಷ್ಟು ದೊಡ್ಡದು ಬೇಡ ಅನ್ನುವವರಿಗೆ ಟಿ-ರಾಕ್. ಕೂರುವ ಎತ್ತರ ಸ್ವಲ್ಪ ಜಾಸ್ತಿ ಇರುವುದರಿಂದ ಮಕ್ಕಳನ್ನು ಕೂರಿಸುವಾಗ ಸೊಂಟ ಉಳಿಯುತ್ತದೆ. ಮಿನಿ ಕನ್ವರ್ಟಿಬಲ್ ನನಗೂ ಇಷ್ಟ, ಆದರೆ ಅದು ಮನೆಯ ಎರಡನೆಯ ಕಾರು. ಗಟ್ಟಿ ಟಾಪೇ ಬೇಕು ಅಂತ ಹಟ ಇದ್ದರೆ ಚೆನ್ನಾಗಿ ಇಟ್ಟುಕೊಂಡಿರುವ ಸಿ70 ನೋಡಿ. ಮೂರು ಮಕ್ಕಳಿದ್ದರೆ ಈ ಯಾವುದೂ ಆಗುವುದಿಲ್ಲ. ನಾಲ್ಕು ಬಾಗಿಲಿನ ಜೀಪ್ ರಾಂಗ್ಲರ್ ಒಂದೇ ನನಗೆ ತೋಚುವ ದಾರಿ. ಬಟನ್ ಒತ್ತಿದರೆ ಮಾಡಿನ ಬಟ್ಟೆ ಪೂರ್ತಿ ಹಿಂದಕ್ಕೆ ಸರಿಯುವ ಮಾದರಿಯೂ ಅದರಲ್ಲಿದೆ. ಸದ್ದು, ಕುಲುಕಾಟ ಇದ್ದೇ ಇದೆ, ಆದರೆ ಹಿಂದೆ ಮೂರು ಬೆಲ್ಟು ಇವೆ. ಮಕ್ಕಳು ಹತ್ತಲು ಅವರದೇ ಬಾಗಿಲೂ ಇದೆ.