ಗೇಮಿಂಗ್ ಪಿಸಿಗೆ ಎಸ್‌ಎಂಪಿಎಸ್: ಡಬ್ಬದ ಮೇಲಿನ ವ್ಯಾಟ್ ಬಿಡಿ, ಲೇಬಲ್ ಓದಿ

ಗೇಮ್ ಹತ್ತು ನಿಮಿಷ ಸಲೀಸಾಗಿ ಓಡುತ್ತದೆ. ಹೊಸ ಮ್ಯಾಪ್ ತೆರೆದುಕೊಂಡಿತು, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಜೋರಾಯಿತು ಅನ್ನುವಷ್ಟರಲ್ಲಿ ಪರದೆ ಕಪ್ಪು. ನೀಲಿ ಪರದೆಯೂ ಇಲ್ಲ, ಎರರ್ ಸಂದೇಶವೂ ಇಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ‘ಕರ್ನಲ್-ಪವರ್ 41’ ಎಂಬ ಒಂದು ನಮೂದು ಮಾತ್ರ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅನ್ನುವುದಷ್ಟೇ ಅದರ ಅರ್ಥ. ಯಾಕೆ ನಿಂತಿತು ಅಂತ ಅದು ಹೇಳುವುದಿಲ್ಲ. ಇಲ್ಲಿಂದ ಡ್ರೈವರ್ ಬದಲಿಸುವುದು, ವಿಂಡೋಸ್ ಹೊಸದಾಗಿ ಹಾಕುವುದು, ರ‍್ಯಾಮ್ ಕಿತ್ತು ಹಾಕುವುದು ಎಲ್ಲ ನಡೆಯುತ್ತದೆ. ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಬೇಕಾದ ವೋಲ್ಟ್‌ಗೆ ಇಳಿಸಿ ಕೊಡುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಕಡೆ ಕಣ್ಣು ಹೋಗುವುದು ಕಟ್ಟಕಡೆಗೆ.

ಇಂಥ ಹೊತ್ತಿನಲ್ಲಿ ಗಮನಿಸಬೇಕಾದ ಸುಳಿವೊಂದಿದೆ. ಪಿಸಿ ಪೂರ್ತಿ ಆಫ್ ಆಗಿ, ಪವರ್ ಬಟನ್ ಒತ್ತಿದರೂ ಎದ್ದೇಳದೆ, ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆರಿಸಿ ಕೆಲವು ಸೆಕೆಂಡ್ ಬಿಟ್ಟು ಹಾಕಿದ ಮೇಲಷ್ಟೇ ಜೀವ ಬಂದರೆ, ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಟ್ರಿಪ್ ಆಗಿದೆ ಎಂದೇ ಬಹುಮಟ್ಟಿಗೆ ತಿಳಿಯಬಹುದು. ಖಚಿತ ಮಾಡಿಕೊಳ್ಳಲು ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟನ್ನು ಸಾಫ್ಟ್‌ವೇರ್‌ನಲ್ಲಿ ಶೇ. 70ಕ್ಕೆ ಇಳಿಸಿ ಅದೇ ಗೇಮ್ ಆಡಿ ನೋಡಿ. ತೊಂದರೆ ಮಾಯವಾದರೆ ಮೊದಲು ಅನುಮಾನಿಸಬೇಕಾದದ್ದು ಎಸ್‌ಎಂಪಿಎಸ್ಸನ್ನೇ.

ಕೊಳ್ಳುವಾಗಲೇ ಇದನ್ನು ತಪ್ಪಿಸಿಕೊಳ್ಳುವುದು ಹೇಗೆ? ಡಬ್ಬದ ಮುಂಭಾಗದ ದಪ್ಪಕ್ಷರದ ವ್ಯಾಟ್ ಸಂಖ್ಯೆಯನ್ನು ಸದ್ಯಕ್ಕೆ ಮರೆತು, ಎಸ್‌ಎಂಪಿಎಸ್‌ನ ಮೈಮೇಲೆ ಅಂಟಿಸಿರುವ ಕೋಷ್ಟಕ ನೋಡಿ. ಅದರಲ್ಲಿ +3.3, +5, +12 ವೋಲ್ಟ್ ಎಂದು ಬೇರೆ ಬೇರೆ ಕಾಲಂ ಇರುತ್ತವೆ. ಇಂದಿನ ಪಿಸಿಯಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು 12 ವೋಲ್ಟನ್ನು. ಆ ಕಾಲಂನಲ್ಲಿ 54 ಆಂಪಿಯರ್ ಎಂದಿದ್ದರೆ 54 × 12 = 648 ವ್ಯಾಟ್; ‘650 ವ್ಯಾಟ್’ ಎಂದು ಕರೆದದ್ದು ನ್ಯಾಯ. ಇನ್ನೊಂದು ಡಬ್ಬದ ಮೇಲೆ ‘600 ವ್ಯಾಟ್’ ಎಂದಿರುತ್ತದೆ, ಲೇಬಲ್‌ನಲ್ಲಿ 12 ವೋಲ್ಟ್‌ಗೆ ಬರೀ 30 ಆಂಪಿಯರ್. ಅಂದರೆ ನಿಮ್ಮ ಕೆಲಸಕ್ಕೆ ಬರುವುದು 360 ವ್ಯಾಟ್. ಉಳಿದದ್ದನ್ನು ಯಾರೂ ಅಷ್ಟಾಗಿ ಬಳಸದ 5 ಮತ್ತು 3.3 ವೋಲ್ಟ್ ಲೆಕ್ಕಕ್ಕೆ ಸೇರಿಸಿ ಸಂಖ್ಯೆ ಉಬ್ಬಿಸಿರುತ್ತಾರೆ. 12 ವೋಲ್ಟ್ ಎರಡು ರೈಲ್‌ಗಳಾಗಿ (ಪ್ರತ್ಯೇಕ ಮಿತಿಯ ಸಾಲುಗಳಾಗಿ) ಹಂಚಿಹೋಗಿದ್ದರೆ ಎರಡನ್ನೂ ಕೂಡಿಸಬೇಡಿ. ‘12 ವೋಲ್ಟ್ ಒಟ್ಟು ಗರಿಷ್ಠ’ ಎಂದು ಕೆಳಗೆ ಕೊಟ್ಟಿರುವ ವ್ಯಾಟ್‌ ಒಂದೇ ನಿಜವಾದ ಮಿತಿ. ಆ ಸಾಲೇ ಇಲ್ಲದ ಲೇಬಲ್ ಕಂಡರೆ ಡಬ್ಬ ಕೆಳಗಿಡುವುದು ಒಳ್ಳೆಯದು. ಹಿಂಬದಿಯಲ್ಲಿ 115/230 ಎಂಬ ಪುಟ್ಟ ಕೆಂಪು ಜಾರುಸ್ವಿಚ್ ಇದ್ದರೂ ಅಷ್ಟೇ: ಒಳಗೆ ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವಂತೆ ಮಾಡುವ ಸರ್ಕ್ಯೂಟ್) ಇಲ್ಲದ ಹಳೇ ವಿನ್ಯಾಸ ಅದು.

ಎಷ್ಟು ವ್ಯಾಟ್ ಬೇಕು ಎಂಬ ಲೆಕ್ಕಕ್ಕೆ ವೆಬ್‌ಸೈಟ್‌ಗಳ ಕ್ಯಾಲ್ಕುಲೇಟರ್ ಬೇಕಿಲ್ಲ. ಪ್ರೊಸೆಸರ್ ರೈಜನ್ 5 7600 ಎಂದುಕೊಳ್ಳೋಣ. ಡಬ್ಬದ ಮೇಲೆ 65 ವ್ಯಾಟ್ ಎಂದಿದ್ದರೂ ಮದರ್‌ಬೋರ್ಡಿನ ಸಾಕೆಟ್‌ನಿಂದ ಅದು 88 ವ್ಯಾಟ್‌ವರೆಗೆ ಎಳೆಯಬಲ್ಲದು. ಜೊತೆಗೆ ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡ್, 250 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎರಡು ಎಸ್‌ಎಸ್‌ಡಿ, ನಾಲ್ಕೈದು ಫ್ಯಾನ್, ಯುಎಸ್‌ಬಿ ಸಾಮಾನು ಎಲ್ಲಕ್ಕೂ ಸೇರಿ 60 ಇಟ್ಟುಕೊಳ್ಳಿ. ಸುಮಾರು 400 ವ್ಯಾಟ್ ಆಯಿತು. ಒಳ್ಳೆಯ 650 ವ್ಯಾಟ್ ಎಸ್‌ಎಂಪಿಎಸ್ ಇದಕ್ಕೆ ಧಾರಾಳ. ಎನ್ವಿಡಿಯಾ ಆ ಕಾರ್ಡಿಗೆ ಸೂಚಿಸುವುದೂ ಅಷ್ಟನ್ನೇ. ಇನ್ನೊಂದು ತುದಿಯಲ್ಲಿ ಕೋರ್ ಐ9-14900ಕೆ ಇದೆ. ಅದರ ಟರ್ಬೊ ಮಿತಿ 253 ವ್ಯಾಟ್. ಆರ್‌ಟಿಎಕ್ಸ್ 5090ಕ್ಕೆ 575. ಉಳಿದದ್ದು ಸೇರಿ 890ರ ಹತ್ತಿರ ಬರುತ್ತದೆ. ಇಲ್ಲಿ 1000 ಅನ್ನುವುದು ಕನಿಷ್ಠ, 1200 ಇದ್ದರೆ ನೆಮ್ಮದಿ. ಕಾರ್ಡ್ ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಆಗಿ ಬಂದದ್ದಾದರೆ ಆ ಮಾಡೆಲ್‌ನ ಪುಟದಲ್ಲಿರುವ ವ್ಯಾಟ್ ನೋಡಿ, ಚಿಪ್ಪಿನ ಸಾಮಾನ್ಯ ಸಂಖ್ಯೆಯನ್ನಲ್ಲ.

ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಜಾಸ್ತಿ ನುಗ್ಗಿ ಬೋರ್ಡ್ ಸುಡುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಸುಳ್ಳು, ಭಾಗಗಳು ಕೇಳಿದಷ್ಟನ್ನು ಮಾತ್ರ ಎಸ್‌ಎಂಪಿಎಸ್ ಕೊಡುತ್ತದೆ. ಆದರೂ 300 ವ್ಯಾಟ್ ತಿನ್ನುವ ಪಿಸಿಗೆ 1200 ವ್ಯಾಟ್ ಕಳಪೆ ಮಾಲು ತರುವುದಕ್ಕಿಂತ ಅದೇ ದುಡ್ಡಿಗೆ ಗಟ್ಟಿಮುಟ್ಟಾದ 650 ತರುವುದು ಜಾಣತನ.

ಹಾಗಾದರೆ 400 ವ್ಯಾಟ್ ತಿನ್ನುವ ಪಿಸಿ 650ರ ಮೇಲೆ ಆಫ್ ಆಗುವುದೇಕೆ? ಗ್ರಾಫಿಕ್ಸ್ ಕಾರ್ಡ್ ವಿದ್ಯುತ್ತನ್ನು ಒಂದೇ ಸಮನೆ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. 250 ವ್ಯಾಟ್ ಅನ್ನುವುದು ಸರಾಸರಿ. ಮೈಕ್ರೊಸೆಕೆಂಡ್‌ಗಳ ಲೆಕ್ಕದಲ್ಲಿ ಅಳೆದರೆ ಅದರ ಎರಡು ಪಟ್ಟು ಎತ್ತರದ ಸ್ಪೈಕ್‌ಗಳು ಕಾಣುತ್ತವೆ. ಸೆಕೆಂಡಿಗೊಮ್ಮೆ ಅಳೆಯುವ ಮಾನಿಟರಿಂಗ್ ಸಾಫ್ಟ್‌ವೇರ್‌ಗೆ ಇವು ಕಾಣುವುದೇ ಇಲ್ಲ. ಎಸ್‌ಎಂಪಿಎಸ್‌ನ ಓವರ್‌ಕರೆಂಟ್ ಮಿತಿ ಬಿಗಿಯಾಗಿದ್ದರೆ ಅದು ಟ್ರಿಪ್ ಆಗುತ್ತದೆ. ಒಳಗಿನ ಕೆಪ್ಯಾಸಿಟರ್‌ಗಳು ಸಣ್ಣವಾಗಿದ್ದರೆ 12 ವೋಲ್ಟ್ ಒಮ್ಮೆ ಕುಸಿದು, ವೋಲ್ಟೇಜ್ ಸರಿಯಿದೆ ಎಂದು ಮದರ್‌ಬೋರ್ಡಿಗೆ ಹೇಳುವ ‘ಪವರ್ ಓಕೆ’ ಸಿಗ್ನಲ್ ನಿಂತು, ಮದರ್‌ಬೋರ್ಡ್ ರೀಸೆಟ್ ಆಗುತ್ತದೆ.

ಪಿಸಿ ಎಸ್‌ಎಂಪಿಎಸ್‌ಗಳ ವಿನ್ಯಾಸಕ್ಕಿರುವ ಎಟಿಎಕ್ಸ್ ನಿಯಮದ 2022ರ ಆವೃತ್ತಿ, 3.0, ಈ ಕಾಟಕ್ಕೇ ಉತ್ತರವಾಗಿ ಬಂದದ್ದು. ಹೊಸ ಹದಿನಾರು ಪಿನ್ ಕನೆಕ್ಟರ್ ಇರುವ, 450 ವ್ಯಾಟ್ ಮೀರಿದ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಶೇ. 200ರಷ್ಟನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕು ಎನ್ನುತ್ತದೆ ಅದು. 850 ವ್ಯಾಟ್‌ನದಾದರೆ ಕ್ಷಣಮಾತ್ರಕ್ಕೆ 1700. ಮರುವರ್ಷ ಬಂದ 3.1 ಕನೆಕ್ಟರನ್ನು ಸುಧಾರಿಸಿತು. ಹೊಸದಾಗಿ ಕೊಳ್ಳುವವರು ಈ ಎರಡರಲ್ಲಿ ಒಂದಿಲ್ಲದ್ದನ್ನು ಮುಟ್ಟಬೇಕಾದ ಕಾರಣ ನನಗಂತೂ ಕಾಣುವುದಿಲ್ಲ. ಹಳೆಯ ಎಟಿಎಕ್ಸ್ 2 ಕಾಲದ ಒಳ್ಳೆಯ ಎಸ್‌ಎಂಪಿಎಸ್ ಕೈಯಲ್ಲಿದ್ದರೆ ಎಸೆಯಬೇಕಿಲ್ಲ, ವ್ಯಾಟ್‌ನಲ್ಲಿ ಇನ್ನಷ್ಟು ಅಂತರ ಇಟ್ಟುಕೊಂಡರಾಯಿತು.

ಈಗ ಎಲ್ಲರೂ ಮೊದಲು ಕೇಳುವ 80 ಪ್ಲಸ್ ಮುದ್ರೆಗೆ ಬರೋಣ. ಅದು ದಕ್ಷತೆಯ ಮುದ್ರೆ, ಗುಣಮಟ್ಟದ್ದಲ್ಲ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್‌ಗೆ ಬ್ರಾಂಜ್ ಶೇ. 85, ಗೋಲ್ಡ್ ಶೇ. 90 ದಾಟಬೇಕು. 400 ವ್ಯಾಟ್ ಹೊರಹಾಕುವಾಗ ಬ್ರಾಂಜ್ ಸುಮಾರು 70 ವ್ಯಾಟನ್ನು ಬಿಸಿಯಾಗಿ ಕಳೆಯುತ್ತದೆ, ಗೋಲ್ಡ್ 44ನ್ನು. ಬಿಸಿ ಕಡಿಮೆಯಾದರೆ ಫ್ಯಾನ್ ಸದ್ದೂ ಕಡಿಮೆ, ಭಾಗಗಳ ಬಾಳಿಕೆಯೂ ಹೆಚ್ಚು. ಲಾಭ ಅಷ್ಟರ ಮಟ್ಟಿಗೆ ನಿಜ. ಆದರೆ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನಲ್ಲಿ. ಕ್ಯಾಬಿನೆಟ್ ಒಳಗೆ ಗೇಮ್ ಓಡುವಾಗ 40 ಡಿಗ್ರಿ ದಾಟುವುದು ಮಾಮೂಲು. ರಿಪಲ್ (ಹೊರಬರುವ ವೋಲ್ಟೇಜಿನ ಸಣ್ಣ ಏರಿಳಿತ) ಎಷ್ಟು, ರಕ್ಷಣಾ ಸರ್ಕ್ಯೂಟ್ ಕೆಲಸ ಮಾಡುತ್ತದೆಯೇ ಎಂಬುದಕ್ಕೂ ಆ ಮುದ್ರೆಗೂ ಸಂಬಂಧವೇ ಇಲ್ಲ. ಗೋಲ್ಡ್ ಮುದ್ರೆಯ ಕೆಟ್ಟ ಎಸ್‌ಎಂಪಿಎಸ್‌ಗಳಿವೆ, ಬ್ರಾಂಜ್ ಮುದ್ರೆಯ ಪ್ರಾಮಾಣಿಕ ಎಸ್‌ಎಂಪಿಎಸ್‌ಗಳೂ ಇವೆ. ಸೈಬೆನೆಟಿಕ್ಸ್ ಸಂಸ್ಥೆಯ ವರದಿಗಳು ಹೆಚ್ಚು ಉಪಯುಕ್ತ. ಅವರು ದಕ್ಷತೆಗೆ ಈಟಾ, ಸದ್ದಿಗೆ ಲ್ಯಾಂಬ್ಡಾ ಎಂದು ಬೇರೆ ಬೇರೆ ದರ್ಜೆ ಕೊಡುತ್ತಾರೆ.

ವಿಮರ್ಶೆ ಓದುವಾಗ ‘ಪೆಟ್ಟಿಗೆ ಚೆನ್ನಾಗಿದೆ, ಕೇಬಲ್ ಮೆತ್ತಗಿದೆ’ ಎಂಬಷ್ಟಕ್ಕೆ ನಿಲ್ಲುವುದನ್ನು ಬಿಟ್ಟು, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಚಿತ್ರ ಇರುವುದನ್ನು ಹುಡುಕಿ. 12 ವೋಲ್ಟ್‌ನಲ್ಲಿ ರಿಪಲ್ 120 ಮಿಲಿವೋಲ್ಟ್ ಮೀರಬಾರದು, 5 ಮತ್ತು 3.3ರಲ್ಲಿ 50. ಇದು ನಿಯಮದ ಗಡಿ. ಒಳ್ಳೆಯವು ಪೂರ್ತಿ ಲೋಡ್‌ನಲ್ಲೂ ಇದರ ಅರ್ಧಕ್ಕಿಂತ ಕೆಳಗಿರುತ್ತವೆ. ಕೆಪ್ಯಾಸಿಟರ್‌ಗಳು 105 ಡಿಗ್ರಿಯವೋ 85 ಡಿಗ್ರಿಯವೋ ನೋಡಿ. ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ನ ಆಯುಸ್ಸು ಸರಿಸುಮಾರು ಅರ್ಧವಾಗುತ್ತದೆ, ಆದ್ದರಿಂದ ಈ ಅಂತರ ಸಣ್ಣದಲ್ಲ. 5 ಮತ್ತು 3.3 ವೋಲ್ಟನ್ನು 12ರಿಂದಲೇ ಡಿಸಿ-ಡಿಸಿ ಕನ್ವರ್ಟರ್ ಮೂಲಕ ಇಳಿಸುವ ವಿನ್ಯಾಸ ಬೇಕು. 12 ಮತ್ತು 5 ವೋಲ್ಟನ್ನು ಒಟ್ಟಿಗೇ ನಿಯಂತ್ರಿಸುವ ಹಳೆಯ ಗ್ರೂಪ್ ರೆಗ್ಯುಲೇಶನ್‌ನಲ್ಲಿ 12ರ ಮೇಲೆ ಭಾರ ಬಿದ್ದಾಗ 5 ವೋಲ್ಟ್ ಮೇಲೇರುತ್ತದೆ, ಗೇಮಿಂಗ್ ಪಿಸಿಯಲ್ಲಿ ಯಾವಾಗಲೂ ಆಗುವುದು ಅದೇ. ರಕ್ಷಣೆಗಳ ಪಟ್ಟಿಯಲ್ಲಿ ಓವರ್‌ಟೆಂಪರೇಚರ್ ಇದೆಯೇ ಎಂದು ವಿಶೇಷವಾಗಿ ನೋಡಿ. ಅಗ್ಗದವರು ಮೊದಲು ಕೈಬಿಡುವುದು ಅದನ್ನೇ. ವಾರಂಟಿ 7 ವರ್ಷವೋ 10 ವರ್ಷವೋ ಇದ್ದರೆ ತಯಾರಕರಿಗೇ ತಮ್ಮ ಮಾಲಿನ ಮೇಲೆ ನಂಬಿಕೆಯಿದೆ ಎಂದಾಯಿತು.

ಇಷ್ಟೆಲ್ಲ ನೋಡಿ ತಂದದ್ದನ್ನು ಕೇಬಲ್‌ನಲ್ಲಿ ಹಾಳು ಮಾಡಿಕೊಳ್ಳುವವರೇ ಹೆಚ್ಚು. ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ ಎಂಟು ಪಿನ್ನಿನ ಪಿಸಿಐಇ ಕನೆಕ್ಟರ್‌ಗೆ 150 ವ್ಯಾಟ್ ಮಿತಿ, ಆರು ಪಿನ್ನಿನದಕ್ಕೆ 75. ಕಾರ್ಡಿಗೆ ಎರಡು ಎಂಟು ಪಿನ್ ಬೇಕಿದ್ದರೆ ಒಂದೇ ಕೇಬಲ್‌ನ ತುದಿಯಲ್ಲಿ ಜೋತಾಡುವ ಎರಡನೇ ತಲೆಯನ್ನು ಚುಚ್ಚಬೇಡಿ, ಎಸ್‌ಎಂಪಿಎಸ್‌ನಿಂದಲೇ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ಪ್ರೊಸೆಸರ್‌ನ ಇಪಿಎಸ್ ಕೇಬಲ್ಲೂ ಎಂಟು ಪಿನ್ನಿನದೇ, ಆದರೆ ಅದು 4+4 ಆಗಿ ಸೀಳುತ್ತದೆ, ಪಿಸಿಐಇ 6+2 ಆಗಿ. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಜಾಗ ಅದಲುಬದಲು. ಒತ್ತಿ ತುರುಕಿದರೆ ಶಾರ್ಟ್. ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್‌ಗಳಿಗಿರುವ ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ಕೊಡಬಲ್ಲದ್ದು 54 ವ್ಯಾಟ್ ಮಾತ್ರ. ಅದರಿಂದ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ ಅಡಾಪ್ಟರ್ ಮಾರುವವರಿದ್ದಾರೆ, ಕೊಳ್ಳುವವರಾಗಬೇಡಿ.

ಹದಿನಾರು ಪಿನ್ನಿನ ಹೊಸ ಕನೆಕ್ಟರನ್ನು ಹತ್ತಿರದಿಂದ ನೋಡಿ. 600 ವ್ಯಾಟ್ ಅಂದರೆ 12 ವೋಲ್ಟ್‌ನಲ್ಲಿ 50 ಆಂಪಿಯರ್. ಅದು 12 ವೋಲ್ಟ್‌ನ ಆರು ಪಿನ್‌ಗಳಲ್ಲಿ ಹಂಚಿದರೆ ಒಂದೊಂದಕ್ಕೆ 8.3 ಆಂಪಿಯರ್, ಪಿನ್ನಿನ ಮಿತಿ 9.5ರ ಆಸುಪಾಸು. ಹಳೆಯ ಎಂಟು ಪಿನ್ನಿನಲ್ಲಿ ಇದೇ ಲೆಕ್ಕ 4.2ರ ಹತ್ತಿರ ನಿಲ್ಲುತ್ತಿತ್ತು. ಹೊಸದರಲ್ಲಿ ತಪ್ಪಿಗೆ ಜಾಗವೇ ಇಲ್ಲ. ಒಂದು ಪಿನ್ ಸರಿಯಾಗಿ ಕೂರದಿದ್ದರೆ ಅದರ ಪಾಲನ್ನು ಪಕ್ಕದವು ಹೊರಬೇಕು. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಆದ್ದರಿಂದ ಕಾರ್ಡನ್ನು ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಕೇಬಲ್ ಚುಚ್ಚಿ, ಬೆಳಕಿನಲ್ಲಿ ಹಿಡಿದು, ಕನೆಕ್ಟರಿಗೂ ಸಾಕೆಟ್ಟಿಗೂ ನಡುವೆ ಕೂದಲೆಳೆ ಸಂದೂ ಇಲ್ಲ ಎಂದು ನೋಡಿಕೊಳ್ಳಿ. ‘ಟಿಕ್’ ಸದ್ದು ಯಾವಾಗಲೂ ಕೇಳಿಸುವುದಿಲ್ಲ, ಅದನ್ನು ನಂಬಬೇಡಿ. ಕನೆಕ್ಟರ್‌ನಿಂದ ಮೊದಲ ಮೂರೂವರೆ ಸೆಂಟಿಮೀಟರ್ ಕೇಬಲ್ ನೇರವಾಗಿರಲಿ, ಅಲ್ಲಿಂದಾಚೆ ಬಾಗಿಸಿ. ಪಕ್ಕದ ಗಾಜಿನ ಬಾಗಿಲು ಕೇಬಲ್ಲನ್ನು ಒತ್ತುತ್ತಿದ್ದರೆ ಆ ಕ್ಯಾಬಿನೆಟ್ ಆ ಕಾರ್ಡಿಗೆ ಸಾಲದು. 3.1ರ ಜೊತೆ ಬಂದ ಸುಧಾರಿತ 12ವಿ-2×6 ಸಾಕೆಟ್‌ನಲ್ಲಿ, ಕೇಬಲ್ ಕೂತಿದೆಯೇ ಎಂದು ಕಾರ್ಡಿಗೆ ತಿಳಿಸುವ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ: ಅರೆಬರೆ ಕೂತರೆ ಕಾರ್ಡ್ ಕೆಲಸ ಶುರುಮಾಡದಿರಲಿ ಎಂದು. ಬದಲಾದದ್ದು ಸಾಕೆಟ್, ಕೇಬಲ್ ಅದೇ ನಡೆಯುತ್ತದೆ.

ಕೇಬಲ್‌ಗಳನ್ನು ಬಿಚ್ಚಿ ಜೋಡಿಸಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ನಲ್ಲಿ ಇನ್ನೊಂದು ಅಪಾಯವಿದೆ. ಕೇಬಲ್‌ನ ಪಿಸಿ ಕಡೆಯ ತುದಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರ ಸಾಕೆಟ್‌ಗೆ ಚಂದವಾಗಿ ಕೂರಬಹುದು, 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ಹೋಗಬಹುದು. ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಆ ಕ್ಷಣವೇ ಸುಟ್ಟವು, ಡೇಟಾ ಸಮೇತ. ಅದೇ ಕಂಪನಿಯ ಬೇರೆ ಸೀರೀಸ್ ಆದರೂ ಇದೇ ಅಪಾಯ. ಕೇಬಲ್ ಇಲ್ಲದ ಸೆಕೆಂಡ್‌ಹ್ಯಾಂಡ್ ಎಸ್‌ಎಂಪಿಎಸ್ ಎಷ್ಟು ಅಗ್ಗವಾದರೂ ಬೇಡ ಎನ್ನುವುದು ಇದಕ್ಕೇ.

ಯುಪಿಎಸ್ ಬಳಸುವವರು ಎರಡು ವಿಷಯ ನೋಡಬೇಕು. ಮೊದಲನೆಯದು, 1000 ವಿಎ ಎಂದರೆ 1000 ವ್ಯಾಟ್ ಅಲ್ಲ. ಹಲವು ಮಾಡೆಲ್‌ಗಳಲ್ಲಿ ಅದು 600 ವ್ಯಾಟ್, ಹಾಗಾಗಿ ವ್ಯಾಟ್ ಸಂಖ್ಯೆಯನ್ನೇ ಓದಿ. ಎರಡನೆಯದು, ಮೆಟ್ಟಿಲು ಆಕಾರದ ಅಲೆ ಕೊಡುವ ಯುಪಿಎಸ್‌ಗೂ ಆ್ಯಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗೂ ಹೊಂದಿಕೆಯಾಗದೆ, ಕರೆಂಟ್ ಹೋದಾಗ ಪಿಸಿಯೂ ಹೋಗುತ್ತದೆ. ಪ್ಯೂರ್ ಸೈನ್‌ವೇವ್ ಆದರೆ ಈ ತಲೆನೋವಿಲ್ಲ.

ಅಳತೆ ಮರೆಯಬೇಡಿ. ಎಟಿಎಕ್ಸ್ ಎಸ್‌ಎಂಪಿಎಸ್‌ನ ಅಗಲ 150, ಎತ್ತರ 86 ಮಿಲಿಮೀಟರ್ ಎಂದು ನಿಗದಿ. ಉದ್ದ ಮಾತ್ರ 140ರಿಂದ 180, ಅದಕ್ಕೂ ಮೇಲೆ ಹೋಗುತ್ತದೆ. ಮಾಡ್ಯುಲರ್ ಆದರೆ ಕೇಬಲ್ ಬಾಗಲು ಇನ್ನೂ ಜಾಗ ಬೇಕು.

ಜೋಡಿಸಿದ ಮೇಲೆ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ದಂಡಿಸಿ ನೋಡಿ. ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್‌ಕ್ಲಿಪ್ ಸೇರಿಸಿ ಫ್ಯಾನ್ ತಿರುಗಿತು ಎನ್ನುವುದು ಪರೀಕ್ಷೆಯಲ್ಲ, ಲೋಡ್ ಇಲ್ಲದೆ ಕೆಟ್ಟದ್ದೂ ತಿರುಗುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಟ್ಟಿಗೆ ಅರ್ಧ ಗಂಟೆ ಸ್ಟ್ರೆಸ್ ಟೆಸ್ಟ್ ಹಾಕಿ, ಬಳಸದೆ ಉಳಿದ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರ್‌ನ 12 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 11.4ರಿಂದ 12.6 ವೋಲ್ಟ್ ನಿಯಮದೊಳಗಿನದು. ಲೋಡ್ ಬಿದ್ದ ಕೂಡಲೇ ಅರ್ಧ ವೋಲ್ಟ್ ಇಳಿದರೆ ನನ್ನ ಮಟ್ಟಿಗೆ ಅದು ವಾಪಸ್ ಹೋಗಬೇಕಾದ ಮಾಲು. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜ್ ಮದರ್‌ಬೋರ್ಡ್ ಸೆನ್ಸರ್‌ನ ಅಂದಾಜು, ಅದನ್ನು ನೋಡಿ ಗಾಬರಿಯಾಗಬೇಡಿ. ಏನಾದರೂ ಸಂಶಯ ಬಂದರೆ ಮುಚ್ಚಳ ಬಿಚ್ಚಲು ಹೋಗಬೇಡಿ. ದೊಡ್ಡ ಕೆಪ್ಯಾಸಿಟರ್‌ನಲ್ಲಿ 380 ವೋಲ್ಟ್ ಸುತ್ತಮುತ್ತ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಎಲ್ಲ ಸರಿಯಿದ್ದರೆ ಉಳಿದ ಕೇಬಲ್‌ಗಳನ್ನು ಅವು ಬಂದ ಚೀಲಕ್ಕೇ ತುಂಬಿ, ಮೇಲೆ ಎಸ್‌ಎಂಪಿಎಸ್‌ನ ಮಾಡೆಲ್ ಹೆಸರನ್ನು ಮಾರ್ಕರ್‌ನಲ್ಲಿ ಬರೆದಿಡಿ.