ಕಿವಿಯಲ್ಲಿ ಫೋರ್ಟ್: ಐದು ಭಾನುವಾರಗಳ ಲೆಕ್ಕ

ಮೊದಲ ಭಾನುವಾರ

ದುಡ್ಡು ಕೊಟ್ಟು ಒಂದು ಆಡಿಯೋ ಟೂರ್ ಡೌನ್‌ಲೋಡ್ ಮಾಡಿಕೊಂಡೆ. ಗೈಡ್ ಬೇಡ, ಗುಂಪು ಬೇಡ, ಇಯರ್‌ಫೋನ್ ಹಾಕಿಕೊಂಡು ಮುಂಬೈಯ ಹಳೇ ಕೋಟೆಯ ಪ್ರದೇಶವಾದ ಫೋರ್ಟ್ ತುಂಬಾ ನಮ್ಮ ಪಾಡಿಗೆ ಓಡಾಡಬಹುದು. ಹನ್ನೆರಡು ವರ್ಷದಿಂದ ಅದೇ ಫೋರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿಂದ ಆಫೀಸು, ಆಫೀಸಿನಿಂದ ಸಿಎಸ್‌ಎಂಟಿ. ತಲೆ ಎತ್ತಿದ್ದು ಮಳೆ ಬರುತ್ತಾ ಅಂತ ನೋಡುವುದಕ್ಕೆ ಮಾತ್ರ.

ಅರ್ಧ ದಾರಿಯವರೆಗೆ ಚೆನ್ನಾಗಿಯೇ ಇತ್ತು. ನಾವು ಎಲ್ಲಿದ್ದೇವೆ ಅಂತ ಜಿಪಿಎಸ್‌ನಿಂದ ತಿಳಿದುಕೊಂಡು ತಾನಾಗಿ ಮಾತು ಶುರು ಮಾಡುವ ಆಡಿಯೋ ಅದು. ದಾದಾಭಾಯಿ ನವರೋಜಿ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆಯೇ ಕಟ್ಟಡಗಳ ಕಮಾನು ಇದೆಯಲ್ಲ, ಅದರೊಳಗೆ ಹೊಕ್ಕ ಕೂಡಲೇ ಫೋನು ಕಂಗಾಲಾಯಿತು. ಮೇಲೆ ಚಾವಣಿ, ಎದುರಿಗೆ ಎತ್ತರದ ಕಲ್ಲಿನ ಗೋಡೆ. ಸಿಗ್ನಲ್ ಅಲ್ಲಿ ಇಲ್ಲಿ ಬಡಿದು ಬರುವಷ್ಟರಲ್ಲಿ ನಾನು ಇಲ್ಲದ ಕಡೆ ಇದ್ದೇನೆ ಅಂತ ಅದು ತೀರ್ಮಾನಿಸಿಬಿಡುತ್ತದೆ. "ಈಗ ನಿಮ್ಮ ಎದುರಿಗೆ ಫ್ಲೋರಾ ಫೌಂಟನ್" ಅಂದಳು ಕಿವಿಯೊಳಗಿನ ಹೆಂಗಸು, ಇಂಗ್ಲಿಷಿನಲ್ಲಿ. ನನ್ನ ಎದುರಿಗೆ ಇದ್ದವನು ಮೊಬೈಲ್ ಕವರ್ ಮಾರುವವನು. ಇನ್ನೂರು ರೂಪಾಯಿಗೆ ಎರಡು ಕೊಡ್ತೀನಿ ಅಂದ.

ಮನೆಗೆ ಬರುವಾಗ ಲೋಕಲ್‌ನಲ್ಲಿ ಕೂತು ಯೋಚಿಸಿದೆ. ಡಿಸೆಂಬರ್‌ನಲ್ಲಿ ಊರಿಂದ ಮಾವ ಬರುತ್ತಾರೆ, ನನ್ನ ಅಮ್ಮನ ಅಣ್ಣ. 1964ರ ಜೂನ್‌ನಲ್ಲಿ, ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದವರು. ಹಗಲು ಹೋಟೆಲು, ಸಂಜೆಯ ಮೇಲೆ ಕನ್ನಡ ರಾತ್ರಿ ಶಾಲೆ. ಅವರಿಗೆ ಕೇಳಿಸುವಂತೆ, ಕನ್ನಡದಲ್ಲಿ, ನಾನೇ ಒಂದು ಮಾಡಿದರೆ ಹೇಗೆ?

ಎರಡನೇ ಭಾನುವಾರ

ಕೈಯಲ್ಲಿ ಪುಸ್ತಕ, ಪೆನ್ನು. ದಾರಿ ಹೀಗೆ ಇಟ್ಟುಕೊಂಡೆ: ಸಿಎಸ್‌ಎಂಟಿಯಿಂದ ಫ್ಲೋರಾ ಫೌಂಟನ್, ಅಲ್ಲಿಂದ ಸೇಂಟ್ ಥಾಮಸ್ ಕೆಥೆಡ್ರಲ್, ಹಾರ್ನಿಮನ್ ಸರ್ಕಲ್, ಟೌನ್ ಹಾಲ್. ಆಮೇಲೆ ಮುಂಬೈ ಸಮಾಚಾರ್ ಮಾರ್ಗ ಹಿಡಿದು ಲಯನ್ ಗೇಟ್, ಕಾಲಾ ಘೋಡಾ. ಕೊನೆಗೆ ಓವಲ್ ಮೈದಾನ.

ಹಿಂದಿನ ವಾರ ಹಣ ಕೊಟ್ಟು ಕಲಿತ ಪಾಠ ಒಂದೇ, ಜಿಪಿಎಸ್ ಬೇಡ. ಪ್ರತಿ ತುಣುಕಿನ ಕೊನೆಗೆ "ಇಲ್ಲಿ ನಿಲ್ಲಿಸಿ. ಇಂಥ ಕಡೆ ಹೋಗಿ ನಿಂತು ಮುಂದಿನದನ್ನು ಒತ್ತಿ" ಅಂತ ಹೇಳುವುದು. ಹಳೇ ಕಾಲದ ಕ್ಯಾಸೆಟ್ ಥರ. ತಪ್ಪಾದರೆ ತಪ್ಪು ನಮ್ಮದೇ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ದೊಡ್ಡ ಕೆಲಸ ಅಂತ ಅವತ್ತು ಗೊತ್ತಾಯಿತು. ನೆರಳು ಬೇಕು, ಹಿಂದೆ ಮುಂದೆ ಜನ ತಳ್ಳಬಾರದು, ಹೇಳಿದ್ದು ಕಣ್ಣಿಗೆ ಕಾಣಬೇಕು. ಫ್ಲೋರಾ ಫೌಂಟನ್ ಹತ್ತಿರ ನಾಲ್ಕು ಕಡೆ ನಿಂತು ನೋಡಿದೆ. ಮೂರು ಕಡೆ ಬಸ್ಸು ಅಡ್ಡ ಬಂತು.

ಈ ಫೌಂಟನ್‌ನದು 1864. ಇಲ್ಲಿಗೆ ಅಂತ ಮಾಡಿಸಿದ್ದೇ ಅಲ್ಲ. ಭಾಯಖಳಾದ ವಿಕ್ಟೋರಿಯಾ ಗಾರ್ಡನ್‌ಗೆ ಅಂತ ಮಾಡಿಸಿದ್ದು, ಈಗ ನಾವು ರಾಣಿ ಬಾಗ್ ಅನ್ನುತ್ತೇವಲ್ಲ, ಅಲ್ಲಿಗೆ. ಆಮೇಲೆ ಇಲ್ಲಿ ತಂದು ನಿಲ್ಲಿಸಿದರು. ಅದೇ ಹೊತ್ತಿಗೆ ಬ್ರಿಟಿಷರು ಕೋಟೆಯ ಗೋಡೆಗಳನ್ನು ಕೆಡವುತ್ತಿದ್ದರು. ಕೋಟೆಗೆ ಮೂರು ಬಾಗಿಲು: ಅಪೊಲೋ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್. ಮೂರನೆಯದು ಇದ್ದದ್ದು ಈ ಫೌಂಟನ್ ಇರುವ ಕಡೆ. ಒಳಗೆ ಹೊಕ್ಕರೆ ಸೇಂಟ್ ಥಾಮಸ್ ಚರ್ಚಿಗೆ ದಾರಿ, ಅದಕ್ಕೇ ಆ ಹೆಸರು. ದಿನಾ ಲಕ್ಷಾಂತರ ಜನ ಚರ್ಚ್‌ಗೇಟ್ ಸ್ಟೇಷನ್‌ನಲ್ಲಿ ಇಳಿಯುತ್ತಾರೆ, ಗೇಟ್ ಎಲ್ಲಪ್ಪಾ ಅಂತ ಒಬ್ಬರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಅದೇ ಚೌಕದ ಈಗಿನ ಹೆಸರು ಹುತಾತ್ಮ ಚೌಕ್. ಮರಾಠಿ ಮಾತಾಡುವವರಿಗೆ ಮುಂಬೈ ಸಮೇತ ಒಂದು ರಾಜ್ಯ ಬೇಕು ಅಂತ ನಡೆದ ಚಳವಳಿಯಲ್ಲಿ ಸತ್ತವರ ಸ್ಮಾರಕ ಅಲ್ಲಿದೆ. ನಮಗೆ 1956ರ ನವೆಂಬರ್ 1, ಇವರಿಗೆ 1960ರ ಮೇ 1. ಇದಕ್ಕೆ ಒಂದು ನಿಮಿಷ ಇಟ್ಟೆ.

ಮೂರನೇ ಭಾನುವಾರ

ಹೊರಗೆ ಹೋಗಲಿಲ್ಲ. ಥಾಣೆಯ ಮನೆಯಲ್ಲಿ ಬರೆಯುವುದು, ಓದುವುದು, ಹೊಡೆದು ಹಾಕುವುದು.

ಮೊದಲ ಡ್ರಾಫ್ಟ್ ಓದಿದರೆ ಪಿಯುಸಿ ನೋಟ್ಸ್ ಥರ ಇತ್ತು. ಯಾರು ಕಟ್ಟಿಸಿದರು, ಯಾವ ಶೈಲಿ, ಎಷ್ಟು ಖರ್ಚು. ಬಿಸಿಲಲ್ಲಿ ನಿಂತವರಿಗೆ ಇದೆಲ್ಲ ಯಾಕೆ? ಕಣ್ಣಿಗೆ ಕಾಣದ್ದನ್ನೆಲ್ಲ ತೆಗೆದೆ. ಆಮೇಲೆ ಉಳಿದದ್ದು ಅರ್ಧಕ್ಕಿಂತ ಕಡಿಮೆ.

ಟೌನ್ ಹಾಲ್ 1833ರಲ್ಲಿ ಮುಗಿದದ್ದು. ಒಳಗೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ. "ಡೋರಿಕ್ ಶೈಲಿಯ ಕಂಬಗಳು" ಅಂತ ಬರೆದಿದ್ದೆ. ಮಾವನಿಗೆ ಡೋರಿಕ್ ಅಂದರೆ ಏನು ಹೇಳಲಿ? ಹೀಗೆ ಬದಲಾಯಿಸಿದೆ: "ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೆನಪು ಮಾಡಿಕೊಳ್ಳಿ. ಅಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಇಲ್ಲಿ ಎಲ್ಲವೂ ಒಂದೇ ಅಚ್ಚು, ಕೆತ್ತನೆ ಇಲ್ಲ, ಉದ್ದಕ್ಕೆ ಗೀರು ಮಾತ್ರ." ಇದು ನನಗೇ ಇಷ್ಟವಾಯಿತು.

ಹಾರ್ನಿಮನ್ ಸರ್ಕಲ್‌ನ ತುಣುಕಿಗೆ ನಮ್ಮ ಕಡೆಯ ಹತ್ತಿ ಸಿಕ್ಕಿತು. ಆ ಬಯಲಿನಲ್ಲಿ ಹಿಂದೆ ಹತ್ತಿಯ ಬೇಲುಗಳನ್ನು ರಾಶಿ ಹಾಕುತ್ತಿದ್ದರು. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಹಡಗು ಹತ್ತಿ ಬೊಂಬಾಯಿಗೆ ಬರುತ್ತಿತ್ತು. ವ್ಯಾಪಾರದಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಒಳಜಗಳದ ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ಊರಿಗೆ ದುಡ್ಡೇ ದುಡ್ಡು. ಟೌನ್ ಹಾಲ್ ಎದುರಿನ ಆಲದ ಮರದಡಿ ಸೇರುತ್ತಿದ್ದ ದಲಾಲರೇ ಮುಂದೆ 1875ರಲ್ಲಿ ಸಂಘ ಕಟ್ಟಿಕೊಂಡರು, ಅದೇ ಇವತ್ತಿನ ಷೇರುಪೇಟೆ, ಬಿಎಸ್‌ಇ. ಸರ್ಕಲ್‌ನ ಕಟ್ಟಡಗಳು ಮುಗಿದದ್ದು 1872ರಲ್ಲಿ. ಆಗ ಎಲ್ಫಿನ್‌ಸ್ಟನ್ ಸರ್ಕಲ್. ಹಾರ್ನಿಮನ್ 'ಬಾಂಬೆ ಕ್ರಾನಿಕಲ್'ನ ಸಂಪಾದಕ. ಜಲಿಯನ್‌ವಾಲಾ ಬಾಗ್ ಆದ 1919ರಲ್ಲಿ ಅವರನ್ನು ಬ್ರಿಟಿಷ್ ಸರ್ಕಾರವೇ ಗಡಿಪಾರು ಮಾಡಿತು. ಇಂಗ್ಲಿಷರ ಹೆಸರನ್ನೆಲ್ಲ ಅಳಿಸಿದ ಊರು ಒಬ್ಬ ಇಂಗ್ಲಿಷನ ಹೆಸರನ್ನು ಬೇಕು ಅಂತಲೇ ಇಟ್ಟಿದೆ.

ರೆಕಾರ್ಡಿಂಗ್ ಬಟ್ಟೆಯ ಕಪಾಟಿನೊಳಗೆ. ಫ್ಯಾನ್ ಬಂದ್, ಕಿಟಕಿ ಬಂದ್, ತಲೆಯ ಮೇಲೆ ಕಂಬಳಿ. ಬಟ್ಟೆಗಳು ಪ್ರತಿಧ್ವನಿಯನ್ನು ನುಂಗಿಕೊಳ್ಳುತ್ತವೆ, ಅದು ನಿಜ. ಆದರೆ 'ಪ', 'ಫ' ಬಂದಾಗಲೆಲ್ಲ ಬಾಯಿಯ ಗಾಳಿ ಮೈಕಿಗೆ ಬಡಿದು ಡುಬ್ ಅನ್ನುತ್ತದೆ. "ಫೋರ್ಟ್‌ನ ಫ್ಲೋರಾ ಫೌಂಟನ್" ಅನ್ನುವುದರಲ್ಲಿ ಮೂರು ಸಲ. ಮಗನ ಒಗೆದ ಕಾಲುಚೀಲವನ್ನು ಫೋನಿನ ಮೈಕಿಗೆ ತೊಡಿಸಿ, ಸ್ವಲ್ಪ ಪಕ್ಕಕ್ಕೆ ಹಿಡಿದು ಮಾತಾಡಿದೆ. ಸರಿಹೋಯಿತು. ಒಗೆದದ್ದೇ ಆಗಬೇಕು, ಇದು ಮುಖ್ಯ.

ನಾಲ್ಕನೇ ಭಾನುವಾರ

ನನ್ನ ದನಿಯನ್ನು ನಾನೇ ಕಿವಿಗೆ ಹಾಕಿಕೊಂಡು ನಡೆದೆ. ನಾಚಿಕೆಯಾಯಿತು. ಏನು ಅವಸರ ಇವಳಿಗೆ! ಕೂತು ಓದುವಾಗ ಸರಿ ಅನಿಸಿದ ವೇಗ ನಡೆಯುವಾಗ ಜಾಸ್ತಿ. "ಮೇಲೆ ನೋಡಿ" ಅಂದಳು, ನಾನು ನೋಡುವಷ್ಟರಲ್ಲಿ ಮುಂದಿನ ಮಾತಿಗೆ ಹೋಗಿದ್ದಳು. ಆ ರಾತ್ರಿ ಆಡಾಸಿಟಿ ಅನ್ನುವ, ಆಡಿಯೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ "ನೋಡಿ" ಅಂತ ಬಂದ ಕಡೆಯೆಲ್ಲ ಐದು ಸೆಕೆಂಡು ಖಾಲಿ ಬಿಟ್ಟೆ. ಪೂರಾ ಖಾಲಿ ಬಿಟ್ಟರೆ ಫೋನು ಕೆಟ್ಟಿತೇನೋ ಅನಿಸುತ್ತದೆ. ಅದಕ್ಕೆ ಕಪಾಟಿನ ಸುಮ್ನೆ ಇರುವ ಸದ್ದನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ ತುಂಬಿದೆ.

ಎಡ, ಬಲವೂ ಕೈಕೊಟ್ಟವು. ಯಾವ ಕಡೆ ಮುಖ ಮಾಡಿ ನಿಂತಿದ್ದೇವೆ ಅನ್ನುವುದರ ಮೇಲೆ ಎಲ್ಲವೂ ಉಲ್ಟಾ. ಆಮೇಲೆ ಹೀಗೆ ಮಾಡಿದೆ: "ಟೌನ್ ಹಾಲ್‌ನ ಮೆಟ್ಟಿಲಿಗೆ ಬೆನ್ನು ಕೊಟ್ಟು ನಿಲ್ಲಿ." ಬೆನ್ನು ತಪ್ಪುವುದಿಲ್ಲ.

ಇನ್ನೊಂದು ತಪ್ಪು, ಅಪಾಯದ್ದು. ವೀರ್ ನರಿಮನ್ ರಸ್ತೆ ದಾಟುವಾಗಲೂ ನನ್ನ ಮಾತು ನಡೆದೇ ಇತ್ತು. ಟ್ಯಾಕ್ಸಿಯವನು ಬೈದದ್ದು ಕೇಳಿಸಲೇ ಇಲ್ಲ, ಬಾಯಿ ಆಡಿದ್ದು ಮಾತ್ರ ಕಾಣಿಸಿತು. ಈಗ ರಸ್ತೆ ಬಂದ ಕಡೆಯೆಲ್ಲ "ಇಯರ್‌ಫೋನ್ ತೆಗೆಯಿರಿ, ದಾಟಿ, ಆಮೇಲೆ ಮುಂದಿನದು" ಅಂತ ಇದೆ. ನಡೆಯುವಾಗ ಒಂದೇ ಕಿವಿಗೆ.

ಐದನೇ ಭಾನುವಾರ, ಮಾವನ ಜೊತೆ

ಬೆಳಿಗ್ಗೆ ಎಂಟಕ್ಕೆ ಸಿಎಸ್‌ಎಂಟಿ ಎದುರು. ಭಾನುವಾರದ ಫೋರ್ಟ್ ಬೇರೆಯೇ ಊರು. ಶಟರ್‌ಗಳೆಲ್ಲ ಕೆಳಗೆ, ಬ್ಯಾಂಕಿನ ಗಾರ್ಡ್‌ಗಳು ಸ್ಟೂಲಿನ ಮೇಲೆ, ಕಾಗೆ ಪಾರಿವಾಳದ ಸದ್ದು. ಮಾವನ ಕಿವಿಗೆ ಇಯರ್‌ಫೋನ್ ಇಟ್ಟೆ. "ಎಂತ ಮಾರಾಯ್ತಿ, ನೀನು ಪಕ್ಕದಲ್ಲೇ ಇದ್ದೀಯ. ಬಾಯಲ್ಲೇ ಹೇಳಿದರೆ ಆಗುದಿಲ್ವಾ?" ಅಂದರು. ಅದಕ್ಕೆ ಉತ್ತರ ಇರಲಿಲ್ಲ.

ಫ್ಲೋರಾ ಫೌಂಟನ್‌ನಿಂದ ಚರ್ಚಿಗೆ ನನ್ನ ಕಾಲಿಗೆ ಐದು ನಿಮಿಷ, ಅವರ ಕಾಲಿಗೆ ಒಂಬತ್ತು. ಚರ್ಚು 1718ರದ್ದು, ಹಳೆಯ ಬೊಂಬಾಯಿಯ ಮೈಲಿಗಲ್ಲುಗಳ ದೂರ ಅಳೆದದ್ದು ಇಲ್ಲಿಂದ. ಟೌನ್ ಹಾಲ್‌ಗೆ ಬಂದಾಗ ನಾನು ಬರೆದದ್ದು "30 ಮೆಟ್ಟಿಲು, ಎಣಿಸುತ್ತಾ ಹತ್ತಿ" ಅಂತ. ಮಾವ ಮೂರನೆಯದರಲ್ಲಿ ಕೂತರು. ಮೊಣಕಾಲು. "ಮಿಕ್ಕಿದ್ದು ನೀನೇ ಎಣಿಸು" ಅಂದರು.

ಅಲ್ಲಿ ಕೂತೇ ಒಂದು ವಿಷಯ ಹೇಳಿದರು. ನಮ್ಮ ಊರಲ್ಲಿ ಸಮುದ್ರ ಅಂದರೆ ಪಡು. ಯಾವ ಕಣ್ಣು ಮುಚ್ಚಿದವನೂ ಹೇಳುತ್ತಾನೆ. ಬೊಂಬಾಯಿಗೆ ಬಂದ ಹೊಸತರಲ್ಲಿ ಈ ಟೌನ್ ಹಾಲ್‌ನ ಹಿಂದೆ ಬಂದರು ಕಂಡು, ಓ ಇದು ಪಡು ಅಂದುಕೊಂಡರಂತೆ. ಮಾರನೇ ಬೆಳಿಗ್ಗೆ ನೋಡಿದರೆ ಆ ಕಡೆಯಿಂದಲೇ ಸೂರ್ಯ ಹುಟ್ಟುತ್ತಿದ್ದಾನೆ. "ಸಮುದ್ರದಿಂದ ಸೂರ್ಯ ಮೇಲೆ ಬಂದದ್ದು ನಾನು ಮೊದಲು ಕಂಡದ್ದೇ ಅವತ್ತು. ಒಂದು ವಾರ ತಲೆ ತಿರುಗಿದ ಹಾಗೆ ಇತ್ತು." ಮೂಡಲಲ್ಲಿ ಬಂದರು, ಪಡುವಲಲ್ಲಿ ಬ್ಯಾಕ್ ಬೇ ಕೊಲ್ಲಿ, ಮಧ್ಯೆ ಇಷ್ಟಗಲ ಜಾಗ. ನಾನು ಐದು ಪುಟ ಓದಿ ಬರೆಯಲಾಗದ್ದನ್ನು ಅವರು ಮೂರು ವಾಕ್ಯದಲ್ಲಿ ಹೇಳಿದರು. ಫೋನ್ ತೆಗೆದು ಇನ್ನೊಮ್ಮೆ ಹೇಳಿಸಿದೆ. ಎರಡನೇ ಸಲ ಅಷ್ಟು ಚೆನ್ನಾಗಿ ಬರಲಿಲ್ಲ. ಆದರೂ ಇಟ್ಟುಕೊಂಡಿದ್ದೇನೆ.

ಕಾಲಾ ಘೋಡಾದಲ್ಲಿ ನನ್ನ ತುಣುಕು ಪೂರ್ತಿ ಕೇಳಿದರು. ಡೇವಿಡ್ ಸಸೂನ್ ಲೈಬ್ರರಿ, 1870. ಹತ್ತಿರದಲ್ಲೇ ಹಳೆಯ ವಾಟ್ಸನ್ಸ್ ಹೋಟೆಲು, ಎರಕದ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಿಂದ ಬಂದದ್ದು, 1896ರ ಜುಲೈ 7ರಂದು ಫ್ರಾನ್ಸಿನ ಲೂಮಿಯೇರ್ ಸಹೋದರರ ಸಿನಿಮಾ ತೋರಿಸಿದ ಕಡೆ. ಮುಂದೆ ಸವಾರನಿಲ್ಲದ ಕಪ್ಪು ಕುದುರೆ, 2017ರಲ್ಲಿ ನಿಲ್ಲಿಸಿದ್ದು.

ಇಯರ್‌ಫೋನ್ ತೆಗೆದರು. "ಇದು ಅಲ್ಲ. ಆ ಕುದುರೆಯ ಮೇಲೆ ರಾಜ ಕೂತಿದ್ದ."

ನಿಜ. ಏಳನೇ ಎಡ್ವರ್ಡ್ ಇನ್ನೂ ಯುವರಾಜನಾಗಿದ್ದಾಗಿನ ಪ್ರತಿಮೆ, 1879ರದ್ದು. 1965ರಲ್ಲಿ ತೆಗೆದರು. ಇದನ್ನು ನಾನು ಓದಿದ್ದೆ, ಬರೆದೂ ಇದ್ದೆ, ಸಮಯ ಜಾಸ್ತಿಯಾಯಿತು ಅಂತ ಹೊಡೆದು ಹಾಕಿದ್ದೆ. ಮಾವ ಅಲ್ಲಿ ಒಂದು ವರ್ಷ ದಿನಾ ಓಡಾಡಿದವರು. ತಂತಿಯ ಸ್ಟ್ಯಾಂಡಿನಲ್ಲಿ ಆರು ಗ್ಲಾಸು, ಇನ್ನೊಂದು ಕೈಯಲ್ಲಿ ಕೆಟಲ್, ಆಫೀಸುಗಳಿಗೆ ಚಾ. "ಮಧ್ಯಾಹ್ನ ಕುದುರೆಯ ನೆರಳು ಬೀಳುವಲ್ಲಿ ಸ್ಟ್ಯಾಂಡ್ ಇಟ್ಟು ಬೆರಳು ಬಿಡಿಸಿಕೊಳ್ತಿದ್ದೆ. ತಂತಿ ಕಚ್ಚಿ ಇಲ್ಲಿ ಗೀರು ಬೀಳ್ತಿತ್ತು." ಬಲಗೈಯ ನಾಲ್ಕು ಬೆರಳು ಮಡಚಿ ತೋರಿಸಿದರು. "ಒಂದು ದಿನ ಬಂದರೆ ಕುದುರೆಯೇ ಇಲ್ಲ. ನೆರಳೂ ಇಲ್ಲ. ಚಾ ಇಡುವುದೆಲ್ಲಿ?"

ಓವಲ್ ಮೈದಾನದ ಮಧ್ಯೆ ನಿಂತು ಕೊನೆಯ ತುಣುಕು. ಒಂದು ಕಡೆ ಹೈಕೋರ್ಟು, 1878ರ ರಾಜಾಬಾಯಿ ಟವರ್, 85 ಮೀಟರ್. ಹತ್ತಿ ಮತ್ತು ಷೇರಿನ ದುಡ್ಡಿನ ಪ್ರೇಮ್‌ಚಂದ್ ರಾಯ್‌ಚಂದ್ ಕೊಟ್ಟ ಹಣ, ಅವರ ತಾಯಿಯ ಹೆಸರು. ಇನ್ನೊಂದು ಕಡೆ 1930ರ ದಶಕದ ಆರ್ಟ್ ಡೆಕೋ ಶೈಲಿಯ ಮನೆಗಳ ಸಾಲು. ಎರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಹಾಕಿದರು. ಮಾವನ ಗಮನ ಪೂರ್ತಿ ಕ್ರಿಕೆಟ್ ಮೇಲೆ.

ಈಗ ಎಲ್ಲಿಗೆ ಬಂದಿದೆ

11 ತುಣುಕು, ಒಟ್ಟು 36 ನಿಮಿಷ. ಮೋನೋದಲ್ಲಿ, 64 ಕೆಬಿಪಿಎಸ್‌ಗೆ ಇಳಿಸಿದರೆ 17 ಎಂಬಿ ಚಿಲ್ಲರೆ. ಮಾತಿಗೆ ಅಷ್ಟು ಧಾರಾಳ ಸಾಕು. ಕಾಲಾ ಘೋಡಾದ ತುಣುಕನ್ನು ಕಿತ್ತು ಹಾಕಿದ್ದೇನೆ, ಅಲ್ಲಿ ಮಾವನ ದನಿಯೇ ಬರುತ್ತದೆ. ಹಿಂದೆ ಬಸ್ಸಿನ ಹಾರ್ನ್ ಇದೆ, ತೆಗೆಯಲು ಹೋದರೆ ಅವರ ದನಿಯೂ ತಗಡಾಗುತ್ತದೆ. ಹಾಗೇ ಇರಲಿ.

ಸವಾರ ಎಲ್ಲಿ ಹೋದ ಅಂತ ಮಾವ ಕೇಳಿದರು. ರಾಣಿ ಬಾಗ್‌ನಲ್ಲಿ ಇದ್ದಾನೆ ಅಂದೆ. ಅಲ್ಲಿಗೆ ಹೋಗಬೇಕಿದ್ದ ಫೌಂಟನ್ ಇಲ್ಲಿ, ಇಲ್ಲಿದ್ದ ಕುದುರೆ ಅಲ್ಲಿ. ಅವರಿಗೆ ಬುಧವಾರ ರಾತ್ರಿಯ ರೈಲು. ಆ ಬೆಳಿಗ್ಗೆ ರಾಣಿ ಬಾಗ್ ತೆರೆದೇ ಇರುತ್ತದಾ ಅಂತ ವಿಚಾರಿಸಬೇಕಿತ್ತು. ಬುಧವಾರ ರಜೆಯಂತೆ. ಹಾಗಾಗಿ ನಾಳೆ, ಸೋಮವಾರ, ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಕಾಲುಚೀಲ ಬ್ಯಾಗಿನಲ್ಲಿದೆ.